ಹಳೆಯ ಮಸಲ್ ಕಾರಿನ ಬ್ರೇಕ್: ಬಿಡಿಭಾಗ ಹುಡುಕುವಾಗ ದಾರಿ ತಪ್ಪಿಸುವ ಏಳು ನಂಬಿಕೆಗಳು

ಅಮೆರಿಕದ ಪಾಂಟಿಯಾಕ್ ಕಂಪನಿ 1964ರಲ್ಲಿ ತನ್ನ ಮಧ್ಯಮ ಗಾತ್ರದ ಕಾರಿಗೆ 389 ಘನ ಇಂಚಿನ ವಿ-8 ಎಂಜಿನ್ ಕೂರಿಸಿ ಜಿಟಿಒ ಎಂಬ ಹೆಸರಿನಲ್ಲಿ ಮಾರಿತು. ಓಡಲು 325 ಅಶ್ವಶಕ್ತಿ. ನಿಲ್ಲಲು ನಾಲ್ಕು ಚಕ್ರಗಳಲ್ಲೂ ಒಂಬತ್ತೂವರೆ ಇಂಚಿನ ಡ್ರಮ್ ಬ್ರೇಕ್. ಅದೇ ವರ್ಷದ ಏಪ್ರಿಲ್‌ನಲ್ಲಿ ಬಂದ ಫೋರ್ಡ್ ಮಸ್ಟಾಂಗ್‌ನಲ್ಲೂ ಮಾಮೂಲಾಗಿ ಕೊಡುತ್ತಿದ್ದದ್ದು ಡ್ರಮ್ಮೇ. ಮಸಲ್ ಕಾರು ಎಂದು ಕರೆಸಿಕೊಂಡ ಆ ಕಾಲದ ಇಂಥ ಬಲಶಾಲಿ ಕಾರುಗಳಲ್ಲಿ ಎಂಜಿನ್ ಬೆಳೆದಷ್ಟು ಬೇಗ ಬ್ರೇಕ್ ಬೆಳೆಯಲಿಲ್ಲ.

ಅರವತ್ತು ವರ್ಷಗಳ ನಂತರ ಇಂಥ ಕಾರನ್ನು ಮತ್ತೆ ರಸ್ತೆಗೆ ತರಲು ಹೊರಟವರೂ ಇದೇ ಕ್ರಮವನ್ನು ಮುಂದುವರಿಸುತ್ತಾರೆ. ಎಂಜಿನ್‌ಗೂ ಬಣ್ಣಕ್ಕೂ ಕೈಬಿಚ್ಚಿ ಖರ್ಚು ಮಾಡಿ, ಬ್ರೇಕ್ ಸಾಮಾನನ್ನು ಕೊನೆಗೆ ಅವರಿವರ ಮಾತು ಕೇಳಿ ತರಿಸುತ್ತಾರೆ. ಆದರೆ ಬ್ರೇಕ್‌ನಲ್ಲಿ ಯಾವ ಭಾಗವೂ ಒಂಟಿಯಾಗಿ ಕೆಲಸ ಮಾಡುವುದಿಲ್ಲ. ಪೆಡಲಿನಿಂದ ಲೈನಿಂಗ್‌ವರೆಗೆ ಎಲ್ಲವೂ ಒಂದಕ್ಕೊಂದು ಹೊಂದಬೇಕು. ಇದನ್ನು ಮರೆತಾಗಲೇ ಕೆಳಗಿನ ನಂಬಿಕೆಗಳು ಹುಟ್ಟುತ್ತವೆ.

1. ತಪ್ಪು ಕಲ್ಪನೆ: ಇಸವಿ ಮತ್ತು ಮಾಡೆಲ್ ಹೇಳಿದರೆ ಸರಿಯಾದ ಪಾರ್ಟ್ ಸಿಗುತ್ತದೆ.

ಸತ್ಯ: 1965ರ ಮಸ್ಟಾಂಗ್ ಎಂದಷ್ಟೇ ಹೇಳಿದರೆ ಅಂಗಡಿಯವರಿಗೆ ಅರ್ಧ ಮಾತ್ರ ಹೇಳಿದಂತೆ. ಆರು ಸಿಲಿಂಡರಿನ ಕಾರಿಗೆ ನಾಲ್ಕು ನಟ್ಟಿನ ಚಕ್ರ, ಒಂಬತ್ತು ಇಂಚಿನ ಡ್ರಮ್. ವಿ-8 ಕಾರಿಗೆ ಐದು ನಟ್ಟಿನ ಚಕ್ರ, ಹತ್ತು ಇಂಚಿನ ಡ್ರಮ್. ಹೆಚ್ಚಿನ ಬೆಲೆ ಕೊಟ್ಟವರಿಗೆ ಮುಂದಿನ ಚಕ್ರಗಳಲ್ಲಿ ಕೆಲ್ಸಿ-ಹೇಯ್ಸ್ ಕಂಪನಿಯ ನಾಲ್ಕು ಪಿಸ್ಟನ್ನಿನ ಡಿಸ್ಕ್ ಬ್ರೇಕ್ ಸಿಗುತ್ತಿತ್ತು. 1968ರ ಹೊತ್ತಿಗೆ ಅದೂ ಬದಲಾಗಿ ಒಂದೇ ಪಿಸ್ಟನ್ನಿನ ಕ್ಯಾಲಿಪರ್ ಬಂತು.

ಆ ಕಾಲದ ಮಸ್ಟಾಂಗ್‌ನ ಗುರುತಿನ ಸಂಖ್ಯೆಯಲ್ಲಿ ಐದನೆಯ ಅಕ್ಷರ ಎಂಜಿನ್ ಯಾವುದೆಂದು ತಿಳಿಸುತ್ತದೆ. 1965ರಲ್ಲಿ ‘ಟಿ’ ಎಂದಿದ್ದರೆ ಆರು ಸಿಲಿಂಡರ್, ‘ಸಿ’ ಎಂದಿದ್ದರೆ ಎರಡು ಬ್ಯಾರೆಲ್ ಕಾರ್ಬುರೇಟರ್ ಇರುವ 289 ವಿ-8. ಆದರೆ ಅದು ಕಾರು ಹುಟ್ಟಿದಾಗಿನ ಕಥೆ. ಇಷ್ಟು ವರ್ಷಗಳಲ್ಲಿ ಯಾರು ಯಾವ ಆಕ್ಸಲ್ ತಂದು ಜೋಡಿಸಿದ್ದಾರೋ ಆ ಸಂಖ್ಯೆಗೆ ಗೊತ್ತಿರುವುದಿಲ್ಲ. ಚಕ್ರ ಬಿಚ್ಚಿ ಡ್ರಮ್ಮಿನ ಒಳವ್ಯಾಸ, ಶೂ ಅಗಲ, ಸ್ಟಡ್‌ಗಳ ಎಣಿಕೆ, ಪೈಪಿನ ತುದಿಯ ಥ್ರೆಡ್ ಇಷ್ಟನ್ನೂ ಅಳೆದು ಬರೆದುಕೊಂಡ ಮೇಲೆಯೇ ಆರ್ಡರ್ ಮಾಡಬೇಕು.

2. ತಪ್ಪು ಕಲ್ಪನೆ: ಕಬ್ಬಿಣದ ಮೇಲೆ ಉಬ್ಬಿರುವ ಸಂಖ್ಯೆಯೇ ಪಾರ್ಟ್ ನಂಬರ್.

ಸತ್ಯ: ಅದು ಎರಕದ ಸಂಖ್ಯೆ. ಒಂದೇ ಎರಕವನ್ನು ಬೇರೆ ಬೇರೆ ಅಳತೆಗೆ ಕೊರೆದು, ಬೇರೆ ಬೇರೆ ಪಾರ್ಟ್ ನಂಬರಿನಲ್ಲಿ ಮಾರುತ್ತಿದ್ದರು. ಪೆಡಲಿನ ತುಳಿತವನ್ನು ಆಯಿಲ್ ಒತ್ತಡವಾಗಿಸುವ ಮಾಸ್ಟರ್ ಸಿಲಿಂಡರನ್ನೇ ನೋಡಿ: ಹೊರನೋಟಕ್ಕೆ ಒಂದೇ ಥರ ಕಾಣುವ ಎರಡು ಮಾಸ್ಟರ್ ಸಿಲಿಂಡರ್‌ಗಳ ಒಳವ್ಯಾಸ ಬೇರೆ ಇರಬಹುದು. ಎರಕದ ಸಂಖ್ಯೆ ಹುಡುಕಾಟಕ್ಕೆ ಸುಳಿವು ಕೊಡುತ್ತದೆ, ತೀರ್ಮಾನವನ್ನು ಅಳತೆಯೇ ಹೇಳಬೇಕು.

3. ತಪ್ಪು ಕಲ್ಪನೆ: ಡಬ್ಬಿ ಒಡೆಯದ ಹಳೆಯ ಒರಿಜಿನಲ್ ಪಾರ್ಟ್‌ಗಿಂತ ಉತ್ತಮವಾದದ್ದು ಇನ್ನೊಂದಿಲ್ಲ.

ಸತ್ಯ: ಪೆನ್ಸಿಲ್ವೇನಿಯಾದ ಹರ್ಶಿ ಮತ್ತು ಕಾರ್ಲೈಲ್‌ನಲ್ಲಿ ನಡೆಯುವ ಹಳೆ ಸಾಮಾನಿನ ದೊಡ್ಡ ಮಾರಾಟಮೇಳಗಳಲ್ಲಿ ಇಂಥ ಡಬ್ಬಿಗಳಿಗೆ ಜನ ಮುಗಿಬೀಳುತ್ತಾರೆ. ಒಳಗಿರುವುದು ಕಬ್ಬಿಣವಾದರೆ ಆ ಉತ್ಸಾಹ ಸರಿ. ತುಕ್ಕು ಹಿಡಿಯದೆ ಉಳಿದ ಡ್ರಮ್, ಲಿವರ್, ಬ್ಯಾಕಿಂಗ್ ಪ್ಲೇಟ್ ಇಂದಿಗೂ ಚೆನ್ನಾಗಿ ಕೆಲಸ ಮಾಡುತ್ತವೆ.

ರಬ್ಬರ್ ಹಾಗಲ್ಲ. ಡಬ್ಬಿಯಲ್ಲೇ ಇದ್ದರೂ ಅದಕ್ಕೆ ವಯಸ್ಸಾಗುತ್ತದೆ. 1966ರಲ್ಲಿ ತಯಾರಾದ ಹೋಸ್ ಪೈಪ್ ಹೊರಗೆ ಕಪ್ಪಗೆ ಹೊಳೆಯುತ್ತಿದ್ದರೂ ಒಳಪದರ ಸಡಿಲವಾಗಿರಬಹುದು. ಆಗ ಪೆಡಲ್ ತುಳಿದಾಗ ಆಯಿಲ್ ಮುಂದೆ ಹೋಗುತ್ತದೆ, ಕಾಲು ತೆಗೆದಾಗ ಹಿಂದೆ ಬರುವುದಿಲ್ಲ. ಬ್ರೇಕ್ ಹಿಡಿದುಕೊಂಡೇ ಇರುತ್ತದೆ, ಡ್ರಮ್ ಕಾದು ಹೋಗುತ್ತದೆ. ವೀಲ್ ಸಿಲಿಂಡರಿನ ರಬ್ಬರ್ ಕಪ್‌ಗಳದ್ದೂ ಇದೇ ಪಾಡು. ಹೋಸ್, ಕಪ್, ಸೀಲ್ ಎಲ್ಲವೂ ಇತ್ತೀಚೆಗೆ ತಯಾರಾದದ್ದೇ ಇರಬೇಕು.

ಹಳೆಯ ಶೂಗಳ ವಿಷಯ ಇನ್ನೂ ಗಂಭೀರ. ಆ ಕಾಲದ ಲೈನಿಂಗ್‌ಗಳಲ್ಲಿ ಆಸ್‌ಬೆಸ್ಟಾಸ್ ಇರುತ್ತಿತ್ತು. ಅದರ ಧೂಳು ಶ್ವಾಸಕೋಶಕ್ಕೆ ಸೇರಿದರೆ ದಶಕಗಳ ನಂತರವೂ ಕ್ಯಾನ್ಸರ್ ತರಬಲ್ಲದು. ಆದ್ದರಿಂದ ಹಳೆ ಡ್ರಮ್ ಬಿಚ್ಚುವಾಗ ಏರ್ ಹೊಡೆದು ಧೂಳು ಹಾರಿಸಲೇಬಾರದು, ಒದ್ದೆ ಮಾಡಿ ಒರೆಸಿ ತೆಗೆಯಬೇಕು. ‘ಅಪ್ಪಟ ಹಳೆಯದು’ ಎಂಬ ಹೆಮ್ಮೆಗಾಗಿ ಆಸ್‌ಬೆಸ್ಟಾಸ್ ಶೂ ಕೊಳ್ಳುವುದು ನಿಮಗೂ ನಿಮ್ಮ ಮೆಕ್ಯಾನಿಕ್‌ಗೂ ಮಾಡುವ ಅನ್ಯಾಯ.

4. ತಪ್ಪು ಕಲ್ಪನೆ: ಸವೆದ ಡ್ರಮ್, ತುಕ್ಕು ಹಿಡಿದ ಸಿಲಿಂಡರ್ ಗುಜರಿಗೇ ಹೋಗಬೇಕು.

ಸತ್ಯ: ಡ್ರಮ್ಮನ್ನು ಲೇತ್ ಮೇಲೆ ಹದವಾಗಿ ತಿರುವಿ ನುಣುಪು ಮಾಡಬಹುದು. ಅದಕ್ಕೊಂದು ಮಿತಿ ಇದೆ. ಹತ್ತು ಇಂಚಿನ ಡ್ರಮ್ಮಿಗೆ ಸಾಮಾನ್ಯವಾಗಿ ಇಂಚಿನ ಸಾವಿರ ಭಾಗದಲ್ಲಿ 60 ಭಾಗ, ಅಂದರೆ ಸುಮಾರು ಒಂದೂವರೆ ಮಿಲಿಮೀಟರ್ ಹೆಚ್ಚಾಗುವವರೆಗೆ. ಅದನ್ನು ದಾಟಿದರೆ ಗೋಡೆ ತೆಳುವಾಗಿ, ಬಿಸಿಗೆ ಬಿರುಕು ಬಿಡಬಹುದು. ಸರಿಯಾದ ಮಿತಿ ಡ್ರಮ್ ಮೇಲೆ ಅಚ್ಚಾಗಿಲ್ಲದಿದ್ದರೆ ಆ ಕಾರಿನ ಶಾಪ್ ಮ್ಯಾನ್ಯುಯಲ್ ನೋಡಬೇಕು.

ಒಳಗೆ ಗುಳಿ ಬಿದ್ದ ಮಾಸ್ಟರ್ ಸಿಲಿಂಡರನ್ನು ದೊಡ್ಡದಾಗಿ ಕೊರೆದು, ಹಿತ್ತಾಳೆಯ ಅಥವಾ ಸ್ಟೇನ್‌ಲೆಸ್ ಸ್ಟೀಲಿನ ಕೊಳವೆ ಕೂರಿಸಿ ಮೂಲ ಅಳತೆಗೆ ತರುವ ವರ್ಕ್‌ಶಾಪ್‌ಗಳು ಅಮೆರಿಕದಲ್ಲಿವೆ. ಬದಲಿ ಸಿಗದ ಅಪರೂಪದ ಭಾಗಗಳಿಗೆ ಇದೇ ಉತ್ತಮ ದಾರಿ.

5. ತಪ್ಪು ಕಲ್ಪನೆ: ಕಾರಿನ ಹೆಸರು ಬರೆದ ಪಾರ್ಟ್ ಮಾತ್ರ ಹೊಂದುತ್ತದೆ.

ಸತ್ಯ: ಮಸ್ಟಾಂಗ್ ರೂಪುಗೊಂಡದ್ದೇ ಫೋರ್ಡ್ ಫಾಲ್ಕನ್ ಎಂಬ ಅಗ್ಗದ ಸಂಸಾರದ ಕಾರಿನ ಅಡಿಪಾಯದ ಮೇಲೆ. ಷೆವ್ರೊಲೆ ಕಮಾರೊ ಮತ್ತು ನೋವಾಗಳ ನಡುವೆಯೂ ಇಂಥ ನೆಂಟಸ್ತಿಕೆ ಇದೆ. ‘ಮಸ್ಟಾಂಗ್’ ಎಂಬ ಹೆಸರಿಗೆ ದುಬಾರಿಯಾಗುವ ಭಾಗ ಫಾಲ್ಕನ್ ಹೆಸರಿನಲ್ಲಿ ಕಡಿಮೆಗೆ ಸಿಗುವುದುಂಟು. ಯಾವ ಭಾಗ ಯಾವ ಯಾವ ಕಾರಿಗೆ ಕೂರುತ್ತದೆಂದು ಪಟ್ಟಿ ಮಾಡಿದ ಹಾಲಂಡರ್ ಇಂಟರ್‌ಚೇಂಜ್ ಕೈಪಿಡಿಗಳನ್ನು ಅಮೆರಿಕದ ಗುಜರಿ ಅಂಗಡಿಗಳವರು ಬಹಳ ಕಾಲದಿಂದ ಬಳಸುತ್ತಿದ್ದಾರೆ. 1975ರ ನಂತರದ ಫೋರ್ಡ್ ಗ್ರನಾಡಾ ಕಾರಿನ ಮುಂದಿನ ಡಿಸ್ಕ್ ಬ್ರೇಕನ್ನು ಸ್ಪಿಂಡಲ್ ಸಮೇತ ತೆಗೆದು ಹಳೆಯ ಮಸ್ಟಾಂಗ್‌ಗೆ ಜೋಡಿಸುವ ಪರಿಪಾಠ ಬಂದದ್ದೂ ಈ ನೆಂಟಸ್ತಿಕೆಯಿಂದಲೇ.

6. ತಪ್ಪು ಕಲ್ಪನೆ: ಡ್ರಮ್ ತೆಗೆದು ಡಿಸ್ಕ್ ಹಾಕಿದರೆ ಕೆಲಸ ಮುಗಿಯಿತು.

ಸತ್ಯ: ಅತಿ ಅಪಾಯದ ನಂಬಿಕೆ ಇದೇ. ಡ್ರಮ್ಮಿನ ಮಾಸ್ಟರ್ ಸಿಲಿಂಡರಿನ ಬಾಯಲ್ಲಿ ಸಾಮಾನ್ಯವಾಗಿ ಒಂದು ಪುಟ್ಟ ವಾಲ್ವ್ ಇರುತ್ತದೆ. ಕಾಲು ತೆಗೆದ ಮೇಲೂ ಪೈಪಿನಲ್ಲಿ ಸುಮಾರು 10 ಪಿಎಸ್‌ಐ ಒತ್ತಡ ಉಳಿಸುವುದು ಅದರ ಕೆಲಸ. ಡ್ರಮ್ಮಿಗೆ ಅದು ಬೇಕು. ಅದೇ ಒತ್ತಡ ಡಿಸ್ಕಿನಲ್ಲಿ ಉಳಿದರೆ ಪ್ಯಾಡ್ ಸದಾ ಉಜ್ಜುತ್ತಾ ಬಿಸಿಯಾಗುತ್ತದೆ. ಆದರೆ ಪೆಡಲ್ ತುಳಿದಾಗ ಡಿಸ್ಕಿಗೆ ಡ್ರಮ್ಮಿಗಿಂತ ಹೆಚ್ಚು ಒತ್ತಡ ಬೇಕು. ಅಷ್ಟನ್ನೇ ಹಿಂದಿನ ಡ್ರಮ್ಮಿಗೂ ಬಿಟ್ಟರೆ ಗಟ್ಟಿಯಾಗಿ ತುಳಿದಾಗ ಹಿಂದಿನ ಚಕ್ರ ಲಾಕ್ ಆಗಿ ಕಾರು ತಿರುಗಿಬಿಡಬಹುದು. ಅದನ್ನು ತಡೆಯುವುದು ಪ್ರಪೋರ್ಷನಿಂಗ್ ವಾಲ್ವ್.

ಒಳವ್ಯಾಸದ ಲೆಕ್ಕವೂ ಮುಖ್ಯ. ಒಂದು ಇಂಚಿನ ಮಾಸ್ಟರ್ ಸಿಲಿಂಡರ್ ಬದಲು 1.125 ಇಂಚಿನದನ್ನು ಹಾಕಿದರೆ ಪಿಸ್ಟನ್ನಿನ ಕ್ಷೇತ್ರಫಲ ಶೇ 27ರಷ್ಟು ಹೆಚ್ಚುತ್ತದೆ. ಕಾಲಿನ ಬಲ ಅಷ್ಟೇ ಇದ್ದರೆ ಒತ್ತಡ ಶೇ 21ರಷ್ಟು ಇಳಿಯುತ್ತದೆ. ಕಾಲಿನ ಬಲಕ್ಕೆ ಎಂಜಿನ್ನಿನ ವ್ಯಾಕ್ಯೂಮ್‌ನಿಂದ ನೆರವು ಕೊಡುವ ಬೂಸ್ಟರ್ ಇರುವ ಕಾರಿಗೆ ಸರಿಹೋಗುವ ಸಿಲಿಂಡರ್, ಬೂಸ್ಟರ್ ಇಲ್ಲದ ಕಾರಿನಲ್ಲಿ ಕಲ್ಲಿನಂಥ ಪೆಡಲ್ ಕೊಡುವುದು ಇದಕ್ಕೇ. ಬೂಸ್ಟರ್ ಕೂರಿಸಿದರೂ ರೇಸಿನ ಕ್ಯಾಮ್ ಹಾಕಿದ ಎಂಜಿನ್ ಸಾಕಷ್ಟು ವ್ಯಾಕ್ಯೂಮ್ ಕೊಡದಿರಬಹುದು. ಗೇಜ್ ಹಾಕಿ ನೋಡಿಯೇ ಬೂಸ್ಟರ್ ಕೊಳ್ಳಿ.

ಡಿಸ್ಕ್ ಹಾಕುವ ಯೋಚನೆ ಇಲ್ಲದವರೂ ಮಾಡಲೇಬೇಕಾದ ಬದಲಾವಣೆ ಒಂದಿದೆ. 1966ರವರೆಗಿನ ಮಸ್ಟಾಂಗ್‌ಗೆ ಒಂದೇ ಕೋಣೆಯ ಮಾಸ್ಟರ್ ಸಿಲಿಂಡರ್. ಎಲ್ಲೋ ಒಂದು ಪೈಪ್ ಒಡೆದರೆ ನಾಲ್ಕೂ ಚಕ್ರಗಳ ಬ್ರೇಕ್ ಹೋಯಿತು. 1967ರ ಮಾದರಿಯಿಂದ ಎರಡು ಕೋಣೆಯದು ಬಂತು, ಮುಂದಿನದಕ್ಕೂ ಹಿಂದಿನದಕ್ಕೂ ದಾರಿ ಬೇರೆಯಾಯಿತು. ಅಮೆರಿಕದ ಕೇಂದ್ರ ಸರ್ಕಾರದ ಸುರಕ್ಷತಾ ನಿಯಮವೂ 1968ರ ಜನವರಿ 1ರಿಂದ ಅದನ್ನು ಕಡ್ಡಾಯ ಮಾಡಿತು. ಮೂಲದಂತೆಯೇ ಇರಲಿ ಎಂಬ ಹಟ ಇಲ್ಲಿ ಬೇಡ. ಹಳೆ ಕಾರುಗಳ ಪ್ರದರ್ಶನದಲ್ಲಿ ಕಳೆದುಕೊಳ್ಳುವ ಒಂದೆರಡು ಅಂಕಗಳಿಗಿಂತ ಕಾರಿನಲ್ಲಿ ಕುಳಿತವರ ಜೀವ ದೊಡ್ಡದು.

7. ತಪ್ಪು ಕಲ್ಪನೆ: ಡಾಟ್ 5 ಎಂದರೆ ಡಾಟ್ 3, 4ಕ್ಕಿಂತ ಮೇಲಿನ ದರ್ಜೆಯ ಬ್ರೇಕ್ ಆಯಿಲ್, ಸುರಿದರೆ ಸಾಕು.

ಸತ್ಯ: ಡಾಟ್ 3, 4 ಮತ್ತು 5.1 ಗ್ಲೈಕಾಲ್ ಜಾತಿಯವು. ಡಾಟ್ 5 ಮಾತ್ರ ನೇರಳೆ ಬಣ್ಣದ ಸಿಲಿಕೋನ್. ಇವೆರಡನ್ನು ಬೆರೆಸಬಾರದು. ಗ್ಲೈಕಾಲ್ ಗಾಳಿಯ ತೇವ ಹೀರುತ್ತದೆ. ಡಾಟ್ 3ರ ಕುದಿಯುವ ಬಿಂದು ಹೊಸದರಲ್ಲಿ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್ ಇರಬೇಕು. ತೇವ ಹಿಡಿದಾಗಿನ ಕನಿಷ್ಠ ಮಿತಿ 140. ಅದನ್ನು ಆಗಾಗ ಬದಲಿಸಬೇಕೆನ್ನುವುದು ಇದಕ್ಕೇ. ಸಿಲಿಕೋನ್ ತೇವ ಹೀರದು, ಬಣ್ಣವನ್ನೂ ಕೆಡಿಸದು. ಆದರೆ ಒಳಹೊಕ್ಕ ನೀರು ತಗ್ಗಿನಲ್ಲಿ ನಿಂತು ತುಕ್ಕು ತರುತ್ತದೆ, ಗಾಳಿಗುಳ್ಳೆ ಸುಲಭವಾಗಿ ಹೊರಬರದೆ ಪೆಡಲ್ ಮೆತ್ತಗಾಗುತ್ತದೆ. ಸಿಲಿಕೋನ್ ಬೇಕೆಂದರೆ ಹಳೆಯ ಆಯಿಲ್ ಪೂರ್ತಿ ತೊಳೆದು, ಎಲ್ಲ ರಬ್ಬರನ್ನೂ ಬದಲಿಸಿದ ಮೇಲೆ ಹಾಕಿ.

ಕೊಳ್ಳುವ ಮೊದಲು

ಒಂದೊಂದೇ ಚಕ್ರ ಬಿಚ್ಚಿ, ಇನ್ನೊಂದು ಬದಿಯದನ್ನು ಮಾದರಿಗೆ ಹಾಗೆಯೇ ಬಿಡಿ. ಫೋಟೊ ತೆಗೆದುಕೊಳ್ಳಿ. ಈ ಡ್ರಮ್ ಬ್ರೇಕ್‌ಗಳಲ್ಲಿ ಗಿಡ್ಡ ಲೈನಿಂಗಿನ ಶೂ ಮುಂದಕ್ಕೆ, ಉದ್ದನೆಯದು ಹಿಂದಕ್ಕೆ ಬರಬೇಕು. ತಾನಾಗಿ ಅಡ್ಜಸ್ಟ್ ಆಗುವ ನಕ್ಷತ್ರ ಚಕ್ರದ ಥ್ರೆಡ್ ಎಡಕ್ಕೂ ಬಲಕ್ಕೂ ಬೇರೆ. 1960ರ ದಶಕದ ಕ್ರೈಸ್ಲರ್ ಕಾರುಗಳಲ್ಲಂತೂ ಎಡಬದಿಯ ಚಕ್ರದ ನಟ್ಟುಗಳೇ ಉಲ್ಟಾ ಥ್ರೆಡ್ಡಿನವು. ತಿಳಿಯದೆ ಬಲ ಹಾಕಿದರೆ ಸ್ಟಡ್ ಮುರಿಯುತ್ತದೆ.

ಶೂ, ಪ್ಯಾಡ್, ಹೋಸ್, ವೀಲ್ ಸಿಲಿಂಡರ್‌ಗಳನ್ನು ಒಂದೇ ಆಕ್ಸಲ್‌ನ ಎರಡೂ ಬದಿಗೆ ಜೋಡಿಯಾಗಿಯೇ ಬದಲಿಸಿ. ಇಲ್ಲವಾದರೆ ಬ್ರೇಕ್ ಹಿಡಿದಾಗ ಕಾರು ಒಂದು ಬದಿಗೆ ಎಳೆಯುತ್ತದೆ. ಜೋಡಣೆ ಮುಗಿದ ಮೇಲೆ ಎಂಜಿನ್ ಶುರು ಮಾಡುವ ಮೊದಲೇ ಪೆಡಲನ್ನು ಗಟ್ಟಿಯಾಗಿ ತುಳಿದು ಹಿಡಿದು, ಎಲ್ಲಿಯೂ ಆಯಿಲ್ ಜಿನುಗುತ್ತಿಲ್ಲವೆಂದು ಖಚಿತಪಡಿಸಿಕೊಳ್ಳಿ. ಇದೆಲ್ಲಕ್ಕೂ ಹಣ ಬೇಕು. ಆದ್ದರಿಂದ ಕಾರಿಗೆಂದು ಎತ್ತಿಟ್ಟ ಹಣದ ಮೊದಲ ಪಾಲು ಎಂಜಿನ್‌ಗಲ್ಲ, ಬ್ರೇಕ್‌ಗೆ ಹೋಗಲಿ.