ದ್ವೀಪಕ್ಕೆ ಹೋದರೆ ಊಟ ಎಲ್ಲಿ?
ಕಂಬಂನಿಂದ ರಾಮೇಶ್ವರಕ್ಕೆ ಹೋಗಿ ಬಂದ ಅನುಭವ

ರಜೆ ಬಂತೆಂದರೆ ಮಕ್ಕಳು "ಈ ಸಲ ಎಲ್ಲಿಗೆ?" ಎಂದು ಕೇಳುತ್ತಾರೆ. ಹಿರಿಯರು "ಅಲ್ಲಿ ಊಟಕ್ಕೆ ಏನು ಮಾಡುತ್ತೀರಿ?" ಎಂದು ಕೇಳುತ್ತಾರೆ. ನಮ್ಮ ಸಮಾಜದ ಅನೇಕ ಮನೆಗಳಲ್ಲಿ ಪ್ರವಾಸ ನಿಂತುಹೋಗುವುದು ಹಣದ ಅಡಚಣೆಯಿಂದಲ್ಲ, ಈ ಎರಡನೆಯ ಪ್ರಶ್ನೆಗೆ ಸರಿಯಾದ ಉತ್ತರ ಸಿಗದೆ.

ಏಲಕ್ಕಿ ವ್ಯಾಪಾರದ ನಿಮಿತ್ತ ನಮ್ಮ ಕುಟುಂಬ ಕಂಬಂನಲ್ಲಿ ನೆಲೆಸಿದೆ. ಇದು ತಮಿಳುನಾಡಿನ ತೇನಿ ಜಿಲ್ಲೆಯ ಊರು. ಪಶ್ಚಿಮಕ್ಕೆ ಬೆಟ್ಟ ಹತ್ತಿದರೆ ಕೇರಳದ ಕುಮಳಿ. ಈ ಕಣಿವೆಯ ಕಪ್ಪಿಲಿಯ ಗೌಡರು ಮನೆಯಲ್ಲಿ ಇಂದಿಗೂ ಕನ್ನಡ ಆಡುವುದರಿಂದ ಪರಸ್ಥಳವೆಂಬ ಭಾವನೆ ನಮಗೆ ಅಷ್ಟಾಗಿ ಬಂದಿಲ್ಲ. ಆದರೂ ಎಂಟು ವರ್ಷಗಳ ಕಾಲ ನಾವು ಮನೆಮಂದಿಯೆಲ್ಲ ಸೇರಿ ಎಲ್ಲಿಗೂ ಹೋಗಿರಲಿಲ್ಲ.

ಅದಕ್ಕೆ ಕಾರಣವಿತ್ತು. ಹಿಂದೊಮ್ಮೆ ಒಂದೂರಿನ ಹೋಟೆಲಿನಲ್ಲಿ "ಈರುಳ್ಳಿ, ಬೆಳ್ಳುಳ್ಳಿ ಏನೂ ಇಲ್ಲ" ಎಂದು ಹೇಳಿಯೇ ಬಡಿಸಿದರು. ಎರಡು ತುತ್ತು ಆದ ಮೇಲೆ ರಸಂನಲ್ಲಿ ಬೆಳ್ಳುಳ್ಳಿಯ ಎಸಳು ಸಿಕ್ಕಿತು. ನಮ್ಮ ತಾಯಿಯವರು ಯಾರನ್ನೂ ಬೈಯಲಿಲ್ಲ. ಎಲೆ ಮಡಿಸಿ ಎದ್ದರು. ಅಂದು ಪೂರ್ತಿ ಉಪವಾಸ. ಮರುದಿನವೇ ಊರಿಗೆ ಮರಳಿದೆವು. "ನನ್ನಿಂದ ನಿಮಗೂ ತೊಂದರೆ, ಇನ್ನು ಮೇಲೆ ನೀವು ಹೋಗಿ ಬನ್ನಿ" ಎಂದರು. ತಾಯಿಯನ್ನು ಮನೆಯಲ್ಲಿ ಬಿಟ್ಟು ನಾವು ಸಮುದ್ರ ನೋಡುವುದು ಹೇಗೆ?

ಕಳೆದ ಬೇಸಿಗೆಯಲ್ಲಿ ಮೊಮ್ಮಕ್ಕಳು ಹಟ ಹಿಡಿದರು. "ಅಜ್ಜಿ ಬಂದರೆ ಮಾತ್ರ ನಾವು ಹೋಗುವುದು" ಎಂದು ಕೂತುಬಿಟ್ಟರು. ಕಡೆಗೆ ಅವರು ಒಪ್ಪಿದರು. ಒಂದೇ ಷರತ್ತು: "ಊಟದ ವ್ಯವಸ್ಥೆ ಮೊದಲು, ಟಿಕೆಟ್ಟು ಆಮೇಲೆ."

ಹೊರಡುವ ಮೊದಲು

ನಾವು ಆರಿಸಿಕೊಂಡ ದ್ವೀಪ ರಾಮೇಶ್ವರ. ತೇನಿ, ಮದುರೈ, ರಾಮನಾಥಪುರದ ಮೇಲೆ ಸುಮಾರು 280 ಕಿಲೋಮೀಟರ್ ದಾರಿ. ಪಾಂಬನ್ ದ್ವೀಪಕ್ಕೆ 1988ರಿಂದ ರಸ್ತೆ ಸೇತುವೆಯಿದೆ. 1914ರ ಹಳೆಯ ರೈಲು ಸೇತುವೆಯಲ್ಲಿ 2022ರಲ್ಲಿ ರೈಲು ನಿಂತಿತು. ಹೊಸ ಸೇತುವೆ 2025ರ ಏಪ್ರಿಲ್‌ನಲ್ಲಿ ಆರಂಭವಾಗಿದೆ.

ನಾವು ಮೊದಲು ನೋಡಿದ್ದು ಹೋಟೆಲುಗಳ ಪಟ್ಟಿಯನ್ನಲ್ಲ, ಸೂರ್ಯಾಸ್ತದ ವೇಳೆಯನ್ನು. ರಾಮೇಶ್ವರ ನಮ್ಮ ನಾಡಿಗಿಂತ ಪೂರ್ವಕ್ಕಿದೆ. ಮೇ ತಿಂಗಳ ನಡುವೆ ಅಲ್ಲಿ ಸುಮಾರು 6 ಗಂಟೆ 25 ನಿಮಿಷಕ್ಕೆ ಸೂರ್ಯ ಮುಳುಗುತ್ತಾನೆ. ಅದೇ ದಿನ ಹುಬ್ಬಳ್ಳಿಯಲ್ಲಿ ಇನ್ನೂ ಇಪ್ಪತ್ತೈದು ನಿಮಿಷ ಬೆಳಕಿರುತ್ತದೆ. ಡಿಸೆಂಬರಿನಲ್ಲಿ ಹೋದರೆ ಆರಕ್ಕೆ ಮೊದಲೇ ಅಸ್ತ. ಊರಿನ ಲೆಕ್ಕ ಹಿಡಿದು ಹೋದವರು ಅಲ್ಲಿ ಊಟ ತಪ್ಪಿಸಿಕೊಳ್ಳುತ್ತಾರೆ.

ಇನ್ನೊಂದು ವಿಷಯ ಅಲ್ಲಿಗೆ ಹೋದ ಮೇಲೆ ಚೆನ್ನಾಗಿ ಮನವರಿಕೆಯಾಯಿತು. ತಮಿಳುನಾಡಿನ ಸಣ್ಣ ಹೋಟೆಲುಗಳಲ್ಲಿ ಮಧ್ಯಾಹ್ನದ ಊಟ ಮೂರು ಗಂಟೆಗೆ ಮುಗಿಯುತ್ತದೆ. ರಾತ್ರಿಯ ತಿಂಡಿ ಶುರುವಾಗುವುದು ಆರೂವರೆ, ಏಳಕ್ಕೆ. ನಡುವೆ ಕಾಫಿ, ವಡೆ ಬಿಟ್ಟರೆ ಒಲೆ ಆರಿರುತ್ತದೆ. ನಮ್ಮ ಊಟದ ಹೊತ್ತು ಬೀಳುವುದು ಸರಿಯಾಗಿ ಆ ನಡುವೆಯೇ. ಆದ್ದರಿಂದ "ಎಲ್ಲಾದರೂ ಸಿಗುತ್ತದೆ ಬಿಡಿ" ಎಂದು ಹೊರಟವರಿಗೆ ದೊಡ್ಡ ಹೋಟೆಲಿನಲ್ಲೂ ಸಿಗದೆ ಹೋಗಬಹುದು. ಬೆಳಿಗ್ಗೆಯೇ ಹೇಳಿಟ್ಟವರಿಗೆ ಓಣಿಯ ಮೆಸ್ಸಿನಲ್ಲೂ ಸಿಗುತ್ತದೆ.

ದಾರಿಯ ಬುತ್ತಿ

ಮೊದಲ ದಿನಕ್ಕೆ ಪೂರ್ತಿ ಮನೆಯ ಬುತ್ತಿ: ಚಪಾತಿ, ಹುಣಸೆಹುಳಿಯ ಪುಳಿಯೋಗರೆ, ಬೆಳ್ಳುಳ್ಳಿ ಹಾಕದ ಶೇಂಗಾ ಚಟ್ನಿಪುಡಿ, ಅವಲಕ್ಕಿ ಚಿವಡಾ. ಜೊತೆಗೆ ಬಾಳೆಹಣ್ಣು, ಕಂಬಂನ ಪನ್ನೀರ್ ದ್ರಾಕ್ಷಿ. ಈ ದ್ರಾಕ್ಷಿಗೆ 2023ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿತು. ನೀರು ಸೋಸುವ ಎರಡು ಬಿಳಿ ಬಟ್ಟೆಗಳನ್ನು ತಾಯಿಯವರೇ ಒಗೆದು, ಒಣಗಿಸಿ ಚೀಲದಲ್ಲಿಟ್ಟರು.

ಬೆಳಗಿನ ಉಪಾಹಾರ ಉತ್ತಮಪಾಳಯದಲ್ಲಿ ಆಯಿತು. ಅಲ್ಲಿನ ಬಂಡೆಯ ಮೇಲೆ ತೀರ್ಥಂಕರರ ಸಾಲು ಉಬ್ಬುಶಿಲ್ಪಗಳಿವೆ. ವಟ್ಟೆಳುತ್ತು ಲಿಪಿಯ ಬರಹಗಳಲ್ಲಿ ಅಜ್ಜಣಂದಿ ಮುನಿಗಳ ಹೆಸರಿದೆ. ಮುಂದೆ ಮದುರೈ ಸಮೀಪಿಸುವಾಗ ಸಿಗುವ ಸಮಣರ ಬೆಟ್ಟದ ಮೇಲೆ ಒಂದು ಕನ್ನಡ ಶಾಸನವೇ ಇದೆ, ಅದು ಬೆಳ್ಗೊಳದ ಮೂಲಸಂಘವನ್ನು ನೆನೆಯುತ್ತದೆ. ದಿನಕ್ಕೆ ಒಂದೇ ಹೊತ್ತು, ಕೈಯನ್ನೇ ಪಾತ್ರೆ ಮಾಡಿಕೊಂಡು ಆಹಾರ ಪಡೆದ ಮುನಿಗಳು ಇದೇ ನೆಲದಲ್ಲಿ ವಿಹಾರ ಮಾಡಿದರೆಂದು ಮಕ್ಕಳಿಗೆ ಹೇಳಿದಾಗ ಅಜ್ಜಿಯ ನಿಯಮ ಅವರಿಗೆ ಬೇರೆಯಾಗಿ ಕಂಡಿತು.

ಮದುರೈಯಲ್ಲಿ ಮಕ್ಕಳು ಜಿಗರ್‌ಥಂಡಾ ಕೇಳಿದರು. ಕೊಡಿಸುವ ಮೊದಲು ವಿಚಾರಿಸಿ. ಅದಕ್ಕೆ ಹಾಕುವ ನನ್ನಾರಿ ಪಾನಕ ಬೇರಿನಿಂದ ಮಾಡಿದ್ದು, ಕಡಲ್‌ಪಾಸಿ ಎಂಬುದು ಸಮುದ್ರದ ಪಾಚಿಯಿಂದ ಬಂದದ್ದು. ದಿಂಡಿಗಲ್ ಕಡೆಯಿಂದ ಬರುವವರಿಗೆ ಇನ್ನೊಂದು ಸೂಚನೆ: ಪಳನಿಯ ಪಂಚಾಮೃತದಲ್ಲಿ ಜೇನು ಸೇರುತ್ತದೆ. ಮಧುತ್ಯಾಗ ಇರುವವರು ಗಮನಿಸಬೇಕು.

ಹೇಳುವ ಬಗೆ ತಿಳಿದಿರಬೇಕು

ಅಂದಿನ ಹೋಟೆಲಿನವರು ನಮಗೆ ಮೋಸ ಮಾಡಿದರೆಂದು ನಾವು ಈಗ ತಿಳಿಯುವುದಿಲ್ಲ. ಕೇಳಿದ್ದು ಒಬ್ಬರನ್ನು, ಅಡುಗೆ ಮಾಡಿದವರು ಇನ್ನೊಬ್ಬರು. ನಾವು ಹೇಳಿದ್ದೂ ಅರ್ಧಂಬರ್ಧ. ಈ ಸಲ ತಮಿಳಿನ ನಾಲ್ಕು ಮಾತು ಕಲಿತು ಹೋದೆವು.

"ಸೈವಂ" ಎಂದರೆ ಸಸ್ಯಾಹಾರ, "ಅಸೈವಂ" ಎಂದರೆ ಮಾಂಸಾಹಾರ. ಬೋರ್ಡಿನಲ್ಲಿ ಎರಡೂ ಇದ್ದರೆ ಆ ಹೋಟೆಲಿಗೆ ಹೋಗಬೇಡಿ. ಈರುಳ್ಳಿಗೆ ವೆಂಗಾಯಂ, ಬೆಳ್ಳುಳ್ಳಿಗೆ ಪೂಂಡು, ಗೆಡ್ಡೆಗೆ ಕಿಳಂಗು, ಜೇನಿಗೆ ತೇನ್, ಮೊಟ್ಟೆಗೆ ಮುಟ್ಟೈ. "ವೆಂಗಾಯಮುಂ ಪೂಂಡುಂ ವೇಂಡಾಂ, ಕಿಳಂಗು ಎದುವುಂ ಪೋಡಾದೀಂಗ" ಎಂದರೆ ಈರುಳ್ಳಿ ಬೆಳ್ಳುಳ್ಳಿ ಬೇಡ, ಯಾವ ಗೆಡ್ಡೆಯನ್ನೂ ಹಾಕಬೇಡಿ ಎಂದರ್ಥ. ಇಷ್ಟಕ್ಕೇ ನಿಲ್ಲಿಸಬಾರದು. ಕ್ಯಾರೆಟ್, ಮೂಲಂಗಿ, ಬೀಟ್‌ರೂಟ್, ಹಸಿಶುಂಠಿಗಳನ್ನು ಅವರು ಕಿಳಂಗು ಎಂದು ಎಣಿಸುವುದಿಲ್ಲ. ಅವುಗಳ ಹೆಸರನ್ನು ಬೇರೆಯಾಗಿಯೇ ಹೇಳಬೇಕು.

ಸಾಂಬಾರಿನಲ್ಲಿ ಚಿಕ್ಕ ಈರುಳ್ಳಿ, ರಸಂನಲ್ಲಿ ಬೆಳ್ಳುಳ್ಳಿ, ಪೊಂಗಲ್‌ನಲ್ಲಿ ಶುಂಠಿ, ಮೊಸರನ್ನದಲ್ಲಿ ತುರಿದ ಕ್ಯಾರೆಟ್ ಇರುವುದುಂಟು. ಇಡ್ಲಿಯ ಜೊತೆ ಕೊಡುವ ಪುಡಿಗೂ ಬೆಳ್ಳುಳ್ಳಿ ಬೀಳುತ್ತದೆ. ಬಿಸಿ ಅನ್ನ, ತುಪ್ಪ, ಬರಿಯ ಬೇಳೆ, ಮೊಸರು, ಹಪ್ಪಳ, ತೆಂಗಿನಹಾಲಿನ ಜೊತೆ ಇಡಿಯಾಪ್ಪಂ – ಇವು ಸಾಮಾನ್ಯವಾಗಿ ತೊಂದರೆಯಿಲ್ಲದವು. ಹುದುಗು ಬಂದ ಹಿಟ್ಟಿನದು ಬೇಕೋ ಬೇಡವೋ ಎಂಬುದು ಆಯಾ ಮನೆಯ ನಿಯಮಕ್ಕೆ ಬಿಟ್ಟದ್ದು.

ದ್ವೀಪದಲ್ಲಿ

ಮೊದಲ ದಿನವೇ ನಮ್ಮ ಲೆಕ್ಕ ತಪ್ಪಿತು. ದಾರಿಯಲ್ಲಿ ತಡವಾಗಿ ದ್ವೀಪ ಸೇರುವಾಗ ಐದೂಮುಕ್ಕಾಲು. ಹೋಟೆಲುಗಳಲ್ಲಿ ಊಟವಿರಲಿಲ್ಲ. ಉಳಿದ ಚಪಾತಿ, ಬಾಳೆಹಣ್ಣಿನಲ್ಲೇ ಎಲ್ಲರ ಊಟ ಮುಗಿಯಿತು. ಬುತ್ತಿ ಇಲ್ಲದಿದ್ದರೆ ಹಳೆಯ ಕಥೆಯೇ ಮರುಕಳಿಸುತ್ತಿತ್ತು. ಹೋಗಿ ಮುಟ್ಟುವ ದಿನದ ಸಂಜೆಯ ಊಟವನ್ನು ಎಂದೂ ಹೋಟೆಲಿನ ಮೇಲೆ ಬಿಡಬೇಡಿ.

ಮರುದಿನ ಬೆಳಿಗ್ಗೆ ದೇವಸ್ಥಾನದ ಸುತ್ತಲಿನ ಬೀದಿಗಳಲ್ಲಿ ಓಡಾಡಿದೆವು. ಯಾತ್ರಿಕರ ಊರಾದ್ದರಿಂದ ಸಸ್ಯಾಹಾರಿ ಹೋಟೆಲುಗಳಿಗೆ ಕೊರತೆಯಿಲ್ಲ. ಒಂದು ಓಣಿಯಲ್ಲಿ ವಯಸ್ಸಾದ ದಂಪತಿಗಳು ನಡೆಸುವ ಸಣ್ಣ ಮೆಸ್ಸು ಕಂಡಿತು. ನಮ್ಮ ತಾಯಿಯವರೇ ಒಳಗೆ ಹೋಗಿ, ಅಡುಗೆ ಮಾಡುವ ಪಾಟ್ಟಿಯನ್ನು ಮಾತಾಡಿಸಿದರು. ಅರ್ಧ ತಮಿಳು, ಅರ್ಧ ಕೈಸನ್ನೆ. ಪಾಟ್ಟಿ ಎಲ್ಲ ಕೇಳಿ, "ಅಮಾವಾಸೈ ಸಮೈಯಲಾ?" ಎಂದರು. ಅಮಾವಾಸ್ಯೆಯ ಅಡುಗೆಯೇ ಎಂದು ಕೇಳಿದ್ದು. ಅಂದು ಅವರ ಮನೆಯಲ್ಲೂ ಈರುಳ್ಳಿ, ಬೆಳ್ಳುಳ್ಳಿ ಒಲೆಗೆ ಹತ್ತುವುದಿಲ್ಲವಂತೆ. ಆ ಒಂದು ಮಾತಿನಲ್ಲಿ ಅರ್ಧ ಕೆಲಸ ಆಯಿತು. ಆದರೆ ಅಮಾವಾಸ್ಯೆಯ ಅಡುಗೆಯಲ್ಲಿ ಅವರು ಸುವರ್ಣಗೆಡ್ಡೆ, ಕೆಸುವಿನ ಗೆಡ್ಡೆ ಬಳಸುತ್ತಾರೆ. ಅದನ್ನು ಬೇಡವೆಂದು ಬೇರೆಯಾಗಿ ಹೇಳಿದೆವು.

ಅರ್ಧ ಹಣ ಮುಂಗಡ ಕೊಟ್ಟೆವು. ಮುಂಗಡವಿಲ್ಲದ ಆರ್ಡರಿನ ಬೆಲೆ ಎಷ್ಟೆಂಬುದು ವ್ಯಾಪಾರಸ್ಥರಾದ ನಮಗೆ ಹೇಳಿಕೊಡಬೇಕಾಗಿಲ್ಲ. ಹನ್ನೆರಡೂವರೆಗೆ ಬಾಳೆಲೆಯ ಮೇಲೆ ಬಾಳೆಕಾಯಿ ಪಲ್ಯ, ಪಡವಲಕಾಯಿ ಕೂಟು, ಮೆಣಸಿನ ರಸಂ, ಅನ್ನ, ಮೊಸರು ಬಂತು. ತಾಯಿಯವರು ಮೊದಲು ರಸಂನಲ್ಲಿ ಸೌಟು ಆಡಿಸಿ ನೋಡಿದರು. ಪಾಟ್ಟಿ ನೋಡುತ್ತಲೇ ಇದ್ದರು; ಬೇಸರ ಮಾಡಿಕೊಳ್ಳಲಿಲ್ಲ. ಎರಡನೆಯ ಸಲ ಅನ್ನ ಕೇಳಿದಾಗ ಇಬ್ಬರೂ ನಕ್ಕರು. ಸಂಜೆಗೆ ಪುಳಿಯೋದರೈ, ಮೊಸರನ್ನ ಮೂರು ಗಂಟೆಗೆ ಕ್ಯಾರಿಯರಿನಲ್ಲಿ ಸಿದ್ಧವಾಯಿತು. ಮೊಸರನ್ನಕ್ಕೆ ಕ್ಯಾರೆಟ್ ಇರಲಿಲ್ಲ.

ಧನುಷ್ಕೋಟಿಯ ಸಂಜೆ

ದ್ವೀಪದ ತುದಿಯ ಧನುಷ್ಕೋಟಿಯನ್ನು 1964ರ ಡಿಸೆಂಬರಿನ ಚಂಡಮಾರುತ ನೆಲಸಮ ಮಾಡಿತು. ಪ್ರಯಾಣಿಕರು ತುಂಬಿದ ರೈಲೇ ಸಮುದ್ರದ ಪಾಲಾಯಿತು. ಇಗರ್ಜಿಯ ಗೋಡೆಗಳು ಇಂದಿಗೂ ನಿಂತಿವೆ. 2017ರಿಂದ ಅರಿಚಲ್‌ಮುನೈವರೆಗೆ ಒಳ್ಳೆಯ ರಸ್ತೆಯಿದೆ.

ಈ ದಾರಿಯ ಗುಡಿಸಲು ಅಂಗಡಿಗಳಲ್ಲಿ ಮೀನು ಕರಿಯುತ್ತಾರೆ. ಬಜ್ಜಿಯೂ ಅದೇ ಎಣ್ಣೆಯಲ್ಲಿ ಬೆಂದಿರಬಹುದು, ಮುಟ್ಟಬೇಡಿ. ಸುಟ್ಟ ಅಥವಾ ಬೇಯಿಸಿದ ಪನಂಗಿಳಂಗು ಮಾರುತ್ತಾರೆ. ಅದು ತಾಳೆಯ ಮೊಳಕೆಯ ಗೆಡ್ಡೆ. ಎಳನೀರು, ತಾಟಿನಿಂಗು ಧಾರಾಳವಾಗಿ ತಿನ್ನಬಹುದು.

ನಾಲ್ಕೂವರೆಗೆ ಮರಳಿನ ಮೇಲೆ ಕೂತು ಕ್ಯಾರಿಯರು ಬಿಚ್ಚಿದೆವು. ಗಾಳಿಗೆ ಮರಳು ಅನ್ನಕ್ಕೆ ಬೀಳತೊಡಗಿತು. ವ್ಯಾನಿನೊಳಗೆ ಕೂತು ಊಟ ಮಾಡಿದೆವು. ಐದಕ್ಕೆಲ್ಲ ಊಟ, ಸೋಸಿದ ನೀರು ಎಲ್ಲ ಮುಗಿಯಿತು. ಹಿಂದಿರುಗುವಾಗ ರಸ್ತೆಯ ಎರಡೂ ಕಡೆ ಸಮುದ್ರ, ಎದುರಿಗೆ ಇಳಿಯುತ್ತಿದ್ದ ಸೂರ್ಯ. ಮನೆಯಲ್ಲಿ ಆ ಹೊತ್ತಿಗೆ ಊಟದ ಅವಸರದಲ್ಲಿರುವ ನಮ್ಮ ತಾಯಿಯವರು ಗಾಡಿ ನಿಲ್ಲಿಸಲು ಹೇಳಿ, ಮೊಮ್ಮಗಳ ಕೈ ಹಿಡಿದು ಇಳಿದರು. "ಹೊಟ್ಟೆ ತುಂಬಿದ್ದರೆ ಸೂರ್ಯ ಮುಳುಗುವುದೂ ಚಂದ ಕಾಣುತ್ತದೆ ನೋಡು" ಎಂದರು.

ಬೇರೆ ದ್ವೀಪಗಳಿಗೆ ಹೋಗುವವರಿಗೆ

ಈಚೆಗೆ ನಮ್ಮ ಸಮಾಜದ ಅನೇಕರು ದೂರದ ದ್ವೀಪಗಳಿಗೂ ಹೋಗುತ್ತಿದ್ದಾರೆ. ಅಂಡಮಾನಿನ ಪೋರ್ಟ್ ಬ್ಲೇರ್, ಅಂದರೆ 2024ರಿಂದ ಶ್ರೀ ವಿಜಯಪುರಂ, ಇನ್ನೂ ಪೂರ್ವಕ್ಕಿದೆ. ಗಡಿಯಾರ ನಮ್ಮದೇ ಆದರೂ ಡಿಸೆಂಬರಿನಲ್ಲಿ ಐದು ಗಂಟೆಯ ಸುಮಾರಿಗೇ ಸೂರ್ಯಾಸ್ತ. ನಾಲ್ಕಕ್ಕೆ ಊಟ ಸಿಗುವಂತೆ ವಸತಿಗೃಹದಲ್ಲಿ ಮೊದಲೇ ಮಾತಾಡಿಕೊಳ್ಳಬೇಕು.

ಶ್ರೀಲಂಕಾದಲ್ಲಿ ಒಣಮೀನಿನ ಚೂರನ್ನು ಕಾಯಿಚಟ್ನಿಗೂ, ಕೆಲವೊಮ್ಮೆ ತರಕಾರಿ ಪಲ್ಯಕ್ಕೂ ಹಾಕುತ್ತಾರೆ. ಜಾಫ್ನಾ ಕಡೆಯ ತಮಿಳರ ಸೈವ ಹೋಟೆಲುಗಳು ಅಲ್ಲಿ ವಾಸಿ. ಇಂಡೋನೇಷ್ಯದ ಬಾಲಿಯಲ್ಲಿ ಖಾರದ ಚಟ್ನಿಗೆ ಸಿಗಡಿಯ ಹಿಟ್ಟು ಸೇರುತ್ತದೆ. ಥಾಯ್ಲೆಂಡಿನ ಫುಕೆಟ್‌ನಲ್ಲಿ "ಜೇ" ಎಂಬ ಅಡುಗೆಯುಂಟು. ಮಾಂಸ, ಮೊಟ್ಟೆಗಳ ಜೊತೆ ಈರುಳ್ಳಿ, ಬೆಳ್ಳುಳ್ಳಿಯೂ ಇರುವುದಿಲ್ಲ. ಹಳದಿ ಬಾವುಟದ ಮೇಲೆ ಕೆಂಪಕ್ಷರ ಅದರ ಗುರುತು. ಆದರೆ ಗೆಡ್ಡೆಗಳು ಇರುತ್ತವೆ, ಅದನ್ನು ಅಲ್ಲಿಯೂ ಬಿಡಿಸಿ ಹೇಳಬೇಕು.

ಒಟ್ಟಿನಲ್ಲಿ ನಾವು ಕಲಿತದ್ದಿಷ್ಟು. ಸೂರ್ಯಾಸ್ತದ ವೇಳೆ ತಿಳಿದುಕೊಳ್ಳಿ. ಮೊದಲ ದಿನದ ಬುತ್ತಿ ಕಟ್ಟಿಕೊಳ್ಳಿ. ಬಡಿಸುವವರಿಗಲ್ಲ, ಅಡುಗೆ ಮಾಡುವವರಿಗೇ, ಅವರ ಭಾಷೆಯಲ್ಲಿ, ಬೆಳಿಗ್ಗೆಯೇ ಹೇಳಿ. ಮುಂಗಡ ಕೊಡಿ. ವ್ರತವಿದೆಯೆಂದು ಹಿರಿಯರನ್ನು ಮನೆಯಲ್ಲಿ ಬಿಟ್ಟುಹೋಗುವ ಕಾರಣವಿಲ್ಲ.

ನಮ್ಮ ತಾಯಿಯವರು ಊರಿಗೆ ಬಂದ ವಾರಕ್ಕೆ ಸೋಸುವ ಬಟ್ಟೆಗಳನ್ನು ಮತ್ತೆ ಒಗೆದು, ಪ್ರವಾಸದ ಚೀಲದಲ್ಲೇ ಇಟ್ಟಿದ್ದಾರೆ. ಎಲ್ಲಿಗೆಂದು ಇನ್ನೂ ಹೇಳಿಲ್ಲ. "ಅಲ್ಲಿ ಸೂರ್ಯ ಎಷ್ಟು ಗಂಟೆಗೆ ಮುಳುಗುತ್ತಾನೆ, ಮೊದಲು ವಿಚಾರಿಸು" ಎಂದು ಮಾತ್ರ ಮೊಮ್ಮಗನಿಗೆ ಹೇಳಿದ್ದಾರೆ.