ಕಾಫಿ ಕೊಯ್ಲಿಗೆ ಹೊರಟ ಮಗು ಯಾರ ಲೆಕ್ಕಕ್ಕೆ ಸೇರಿದ್ದು?

ಬೆಟ್ಟದಪುರದ ಸಿಡಿಲು ಮಲ್ಲಿಕಾರ್ಜುನ ಬೆಟ್ಟದ ಮೇಲೆ ನಿಂತು ಪಶ್ಚಿಮಕ್ಕೆ ಕಣ್ಣು ಹಾಯಿಸಿದರೆ ಹೊಗೆಸೊಪ್ಪಿನ ಹೊಲಗಳು, ಅವುಗಳಾಚೆ ಕೊಡಗಿನ ಬೆಟ್ಟಸಾಲು ಕಾಣುತ್ತವೆ. ನಮಗೆ ಅದು ಒಂದೇ ನೋಟ. ಸರ್ಕಾರಕ್ಕೆ ಎರಡು ಜಿಲ್ಲೆ. ಹಾಡಿಯ ಬಡಮಗುವಿಗೆ ಈ ಎರಡು ಜಿಲ್ಲೆಗಳ ನಡುವಿನ ಗೆರೆ ಎಷ್ಟು ದುಬಾರಿಯಾಗಿದೆ ಎಂಬುದನ್ನು ಈ ವಾರ ಓದುಗರ ಗಮನಕ್ಕೆ ತರಬಯಸುತ್ತೇವೆ.

ಪಿರಿಯಾಪಟ್ಟಣ, ಹುಣಸೂರು, ಎಚ್.ಡಿ. ಕೋಟೆ ತಾಲ್ಲೂಕುಗಳ ಹಾಡಿಗಳಲ್ಲಿ ಜೇನುಕುರುಬರು, ಬೆಟ್ಟಕುರುಬರು, ಯರವರು ವಾಸಿಸುತ್ತಾರೆ. ಕಾಡಿನಿಂದ ಹೊರಬಂದ ಬಹುಪಾಲು ಕುಟುಂಬಗಳಿಗೆ ಉಳುವುದಕ್ಕೆ ನೆಲವಿಲ್ಲ. ನಾಗರಹೊಳೆಯಿಂದ ನಿರ್ವಸಿತವಾದ ಕುಟುಂಬಗಳ ಸಂಖ್ಯೆ 3,418 ಎಂದು ಪ್ರೊ. ಮುಜಾಫರ್ ಅಸ್ಸಾದಿಯವರ ನೇತೃತ್ವದ ಸಮಿತಿಯು 2014ರಲ್ಲಿ ನೀಡಿದ ವರದಿಯಲ್ಲಿ ದಾಖಲಾಗಿದೆ. ನೆಲವಿಲ್ಲದವರಿಗೆ ಉಳಿದಿರುವುದು ಕೂಲಿ. ಕಾಫಿ ಹಣ್ಣಾಗುವ ಕಾಲಕ್ಕೆ ಹಾಡಿಯ ಬಾಗಿಲಿಗೆ ಕೊಡಗಿನ ತೋಟದ ಜೀಪು ಬರುತ್ತದೆ. ತಂದೆತಾಯಿಯರು ಹತ್ತುತ್ತಾರೆ. ಮಕ್ಕಳನ್ನು ಬಿಟ್ಟುಹೋಗಲು ಮನೆಯಲ್ಲಿ ಯಾರಿದ್ದಾರೆ? ಅವರೂ ಹತ್ತುತ್ತಾರೆ.

ಆ ಮಗು ಹಾಡಿಯಲ್ಲಿದ್ದಾಗ ಅದರ ಹೆಸರು ಹಲವು ಪುಸ್ತಕಗಳಲ್ಲಿತ್ತು. ಅಂಗನವಾಡಿ ಮಹಿಳಾ ಮತ್ತು ಮಕ್ಕಳ ಇಲಾಖೆಯದು, ಊರಶಾಲೆ ಶಿಕ್ಷಣ ಇಲಾಖೆಯದು, ಆಶ್ರಮಶಾಲೆ ಪರಿಶಿಷ್ಟ ವರ್ಗಗಳ ಕಲ್ಯಾಣ ಇಲಾಖೆಯದು. ಚುಚ್ಚುಮದ್ದು ಆರೋಗ್ಯ ಇಲಾಖೆಯದು, ಪಡಿತರ ಆಹಾರ ಇಲಾಖೆಯದು. ಅದು ಕೂಲಿಗೆ ಕೈಹಚ್ಚಿದರೆ ಕಾರ್ಮಿಕ ಇಲಾಖೆ ನೋಡಿಕೊಳ್ಳಬೇಕು. ಒಂದು ಹಿಡಿ ಮಗುವಿಗೆ ಆರು ಕಡತಗಳು! ಜೀಪು ಆನೆಚೌಕೂರಿನ ಕಾಡುದಾರಿಯನ್ನು ದಾಟಿ ತಿತಿಮತಿಯ ಕಡೆಗೆ ಇಳಿದ ಮೇಲೆ ಈ ಆರೂ ಹಿಂದೆಯೇ ಉಳಿದುಬಿಡುತ್ತವೆ. ಶಾಲೆಯ ಹಾಜರಿಯಲ್ಲಿ 'ಗೈರು' ಎಂದು ಬೀಳುತ್ತದೆ. ತೋಟದ ಲೈನ್‌ಮನೆಯಲ್ಲಿ ಆ ಹೆಸರನ್ನು ಕೇಳುವವರೇ ಇರುವುದಿಲ್ಲ. ಬಿಸಿಯೂಟವೂ ಇಲ್ಲ, 2013ರಲ್ಲಿ ಆರಂಭವಾದ ಕ್ಷೀರಭಾಗ್ಯದ ಹಾಲೂ ಇಲ್ಲ. ತಾಯಿ ಕಾಫಿ ಬಿಡಿಸುವಾಗ ಎಂಟು ವರ್ಷದ ಹುಡುಗಿ ಕೈಗೂಸನ್ನು ಎತ್ತಿಕೊಂಡು ಗಿಡಗಳ ನಡುವೆ ಕುಳಿತಿರುತ್ತಾಳೆ.

ಕಾನೂನಿನ ಕೊರತೆಯಿಂದ ಹೀಗಾಗುತ್ತಿದೆ ಎನ್ನುವಂತಿಲ್ಲ. 2010ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಶಿಕ್ಷಣ ಹಕ್ಕು ಕಾಯಿದೆಯ 9ನೆಯ ಪ್ರಕರಣವು ವಲಸೆ ಕುಟುಂಬಗಳ ಮಕ್ಕಳಿಗೆ ಪ್ರವೇಶ ದೊರಕಿಸುವುದು ಸ್ಥಳೀಯ ಆಡಳಿತದ ಕರ್ತವ್ಯವೆಂದು ಸ್ಪಷ್ಟವಾಗಿ ಹೇಳುತ್ತದೆ. ವರ್ಗಾವಣೆ ಪತ್ರ ತಡವಾಯಿತೆಂದು ಮಗುವನ್ನು ಹೊರಗೆ ನಿಲ್ಲಿಸುವಂತೆಯೂ ಇಲ್ಲ. ಅನುಭವದ ಕೊರತೆಯೂ ನಮ್ಮದಲ್ಲ. 1975ರ ಅಕ್ಟೋಬರ್ 2ರಂದು ದೇಶದ 33 ಕಡೆಗಳಲ್ಲಿ ಅಂಗನವಾಡಿ ಯೋಜನೆ ಆರಂಭವಾದಾಗ ಕರ್ನಾಟಕದಲ್ಲಿ ಅದಕ್ಕೆ ಆರಿಸಿಕೊಂಡದ್ದು ನಮ್ಮ ಜಿಲ್ಲೆಯ ಟಿ. ನರಸೀಪುರವನ್ನೇ. ಆಹಾರ, ಆರೋಗ್ಯ, ಕಲಿಕೆಗಳನ್ನು ಒಂದೇ ಸೂರಿನಡಿ ತರಬೇಕೆಂಬುದು ಆ ಯೋಜನೆಯ ಮೂಲ ಉದ್ದೇಶವಾಗಿತ್ತು. ಸೂರು ಬಂದಿತು. ಆದರೆ ಸೂರು ಬಿಟ್ಟು ಹೊರಟ ಮಗುವನ್ನು ಕುರಿತು ಆಗ ಯಾರೂ ಹೆಚ್ಚು ಯೋಚಿಸಿದಂತೆ ತೋರುವುದಿಲ್ಲ.

ಹೊರದೇಶಗಳಲ್ಲಿಯೂ ಈ ತೊಡಕು ಇಲ್ಲದಿಲ್ಲ. ಐರೋಪ್ಯ ಒಕ್ಕೂಟವು 2021ರ ಜೂನ್ 14ರಂದು ಬಡಮಕ್ಕಳಿಗಾಗಿ 'ಮಕ್ಕಳ ಖಾತರಿ'ಯೊಂದನ್ನು ಅಂಗೀಕರಿಸಿತು. ಶಾಲೆ, ಊಟ, ಆರೋಗ್ಯ, ವಸತಿ ಎಲ್ಲವೂ ಅದರಲ್ಲಿವೆ. ನಮ್ಮ ಮನಸ್ಸಿಗೆ ಹಿಡಿಸಿದ್ದು ಮಾತ್ರ ಬೇರೊಂದು ಅಂಶ: ಪ್ರತಿ ದೇಶವೂ ಈ ಕೆಲಸಕ್ಕೆಂದೇ ಒಬ್ಬ ಸಂಯೋಜಕರನ್ನು ನೇಮಿಸಬೇಕು. ಕೇಳಬೇಕಾದಾಗ ಯಾರನ್ನು ಕೇಳಬೇಕೆಂಬುದು ಗೊತ್ತಿರುತ್ತದೆ. ಮೈಸೂರು ಮತ್ತು ಕೊಡಗಿನ ನಡುವೆ ಓಡಾಡುವ ಮಕ್ಕಳಿಗಾಗಿ ಎರಡೂ ಜಿಲ್ಲಾಡಳಿತಗಳು ಸೇರಿ ಕೊಯ್ಲಿನ ಕಾಲಕ್ಕಾದರೂ ಅಂಥ ಒಬ್ಬ ಅಧಿಕಾರಿಯನ್ನು ಗೊತ್ತುಪಡಿಸಿದರೆ ಖಜಾನೆಗೇನೂ ಭಾರವಾಗದು.

ಕ್ರೈಸ್ತ ಕುಟುಂಬಗಳಿಗೆ ಇದು ಅಪರಿಚಿತ ಕ್ರಮವಲ್ಲ. ಹುಣಸೂರಿನಲ್ಲಿ ಜ್ಞಾನಸ್ನಾನ ಪಡೆದವರು ವಿರಾಜಪೇಟೆಯಲ್ಲಿ ವಿವಾಹವಾದರೆ ಅಲ್ಲಿನ ಗುರುಗಳು ಇಲ್ಲಿಗೆ ಬರೆದು ತಿಳಿಸುತ್ತಾರೆ. ಇಲ್ಲಿನ ಜ್ಞಾನಸ್ನಾನದ ಪುಸ್ತಕದಲ್ಲಿ ಆ ಹೆಸರಿನ ಪಕ್ಕದಲ್ಲಿಯೇ ಅದು ದಾಖಲಾಗುತ್ತದೆ. ಮನುಷ್ಯ ಎಲ್ಲಿಗೆ ಹೋದರೂ ಅವನ ಹೆಸರನ್ನು ಕಾಯುವ ಪುಸ್ತಕವೊಂದಿದೆ. ಗಣಕಯಂತ್ರಗಳಿಲ್ಲದ ಕಾಲದಿಂದಲೂ ಇದು ನಡೆದುಬಂದಿದೆ. ಈಗ ಅಂಗನವಾಡಿ ಕಾರ್ಯಕರ್ತೆಯ ಕೈಯಲ್ಲಿ ಮೊಬೈಲು, ಅದರಲ್ಲಿ 2021ರಲ್ಲಿ ಬಂದ 'ಪೋಷಣ್ ಟ್ರ್ಯಾಕರ್' ಇವೆ. ವಲಸೆ ಹೋದವರ ಹೆಸರನ್ನು ಹೋದ ಊರಿನ ಅಂಗನವಾಡಿಗೆ ವರ್ಗಾಯಿಸುವ ಅವಕಾಶವೂ ಅದರಲ್ಲಿದೆ. ಆದರೆ ಕುಟುಂಬ ಯಾವ ತೋಟಕ್ಕೆ ಹೋಯಿತೆಂದು ಆಕೆಗೆ ತಿಳಿಸುವವರು ಬೇಕಲ್ಲವೇ?

ಅದು ತಿಳಿದಿರುವುದು ಮೇಸ್ತ್ರಿಗೆ, ತೋಟದ ರೈಟರಿಗೆ, ಮಾಲೀಕರಿಗೆ. ನಮ್ಮ ಓದುಗರಲ್ಲಿಯೂ ಈ ಕೆಲಸಗಳಲ್ಲಿರುವವರು ಇದ್ದಾರು. ಅವರಿಗೆ ನಮ್ಮದೊಂದು ವಿನಂತಿ. ಈ ಬಾರಿ ಆಳುಗಳ ಪಟ್ಟಿ ಬರೆಯುವಾಗ ಅವರೊಡನೆ ಬಂದ ಮಕ್ಕಳ ಹೆಸರು, ವಯಸ್ಸು, ಬಿಟ್ಟುಬಂದ ಶಾಲೆ ಇಷ್ಟನ್ನೂ ಬರೆಯಿರಿ. ಅದರ ಪ್ರತಿಯೊಂದನ್ನು ತೋಟಕ್ಕೆ ಹತ್ತಿರದ ಅಂಗನವಾಡಿಗೂ ಇನ್ನೊಂದನ್ನು ಶಾಲೆಗೂ ತಲುಪಿಸಿರಿ. ಇದಕ್ಕೆ ಯಾವ ಆದೇಶವೂ ಬೇಕಿಲ್ಲ. ಅರ್ಧ ದಿನದ ಕೆಲಸ. ರೊಬಸ್ಟಾ ಕೊಯ್ಲು ಮುಗಿಯುವಷ್ಟರಲ್ಲಿ ಮಾರ್ಚ್ ಬಂದಿರುತ್ತದೆ, ಶಾಲೆಯ ವಾರ್ಷಿಕ ಪರೀಕ್ಷೆಯೂ ಅದೇ ಕಾಲಕ್ಕೆ.