ಬೆಲ್ಟಿನ ಕೂಗು

ಹಸು ಮೇವು ಬಿಟ್ಟರೆ ರೈತನು ಕೊಟ್ಟಿಗೆಗೆ ಧಾವಿಸುತ್ತಾನೆ. ಮಗು ಅತ್ತರೆ ತಾಯಿ ಕೈಯಲ್ಲಿದ್ದ ಕೆಲಸವನ್ನು ಬಿಟ್ಟು ಏಳುತ್ತಾಳೆ. ಮಾತು ಬಾರದ ಜೀವಿಗಳ ಸಂಕಟವನ್ನು ಅವುಗಳ ಚರ್ಯೆಯಿಂದಲೂ ಧ್ವನಿಯಿಂದಲೂ ಅರಿಯುವುದು ಮನುಷ್ಯನಿಗೆ ಬಹುಕಾಲದಿಂದ ಬಂದಿರುವ ವಿದ್ಯೆ. ಯಂತ್ರಗಳ ವಿಷಯದಲ್ಲಿಯೂ ಇದೇ ವಿದ್ಯೆ ಬೇಕು. ಯಂತ್ರಕ್ಕೆ ಜೀವವಿಲ್ಲ, ನೋವಿಲ್ಲ. ಆದರೂ ಅದರ ಒಂದು ಅಂಗವು ಕೆಡುವ ಮುನ್ನ ಬಹುಮಟ್ಟಿಗೆ ಯಾವುದಾದರೊಂದು ಸೂಚನೆಯನ್ನು ಕೊಡುತ್ತದೆ. ಆ ಸೂಚನೆಯ ಅರ್ಥವನ್ನು ತಿಳಿದವನು ಅಪಾಯದಿಂದ ಪಾರಾಗುತ್ತಾನೆ. ಕೇಳಿಯೂ ಕೇಳದಂತೆ ಇದ್ದವನು ನಡುದಾರಿಯಲ್ಲಿ ನಿಲ್ಲುತ್ತಾನೆ.

ಮಳೆಗಾಲದ ಒಂದು ಮುಂಜಾನೆ ಒಬ್ಬ ಗೃಹಸ್ಥನು ಮಡದಿ ಮಕ್ಕಳೊಡನೆ ಘಟ್ಟದ ಕೆಳಗಿನ ಊರಿಗೆ ಹೊರಟಿದ್ದಾನೆಂದು ಭಾವಿಸೋಣ. ಕಾರನ್ನು ಚಾಲೂ ಮಾಡಿದೊಡನೆಯೇ ಬಾನೆಟ್ಟಿನ ಒಳಗಿನಿಂದ ಕಿವಿಯನ್ನು ಇರಿಯುವಂತಹ ಕೀರಲು ಧ್ವನಿಯೊಂದು ಹೊರಡುತ್ತದೆ. ಸ್ವಲ್ಪ ಹೊತ್ತಿನಲ್ಲಿ ಅದು ತಾನಾಗಿಯೇ ಅಡಗುತ್ತದೆ. ಇದೇ ವರ್ಷದಲ್ಲಿ ಎರಡು ಬಾರಿ ಬೆಲ್ಟನ್ನು ಬದಲಿಸಿದ್ದಾಗಿದೆ. ಆದರೂ ಕೂಗು ಮರಳಿ ಬಂದಿದೆ. ಹೊರಡಬಹುದೇ, ಹೊರಡಬಾರದೇ? ಈ ಪ್ರಶ್ನೆಗೆ ಉತ್ತರವನ್ನು ಹೇಳಬೇಕಾದರೆ ಕೂಗುತ್ತಿರುವುದು ಯಾವುದು, ಏಕೆ ಕೂಗುತ್ತಿದೆ ಎಂಬುದನ್ನು ಮೊದಲು ತಿಳಿಯಬೇಕು.

ಎಂಜಿನ್ನಿನಲ್ಲಿ ಇಂಧನವು ಉರಿದಾಗ ಹುಟ್ಟುವ ಬಲವು ಕ್ರ್ಯಾಂಕ್ ದಂಡವನ್ನು ತಿರುಗಿಸುತ್ತದೆ. ಈ ದಂಡದ ಶಕ್ತಿಯ ಬಹುಭಾಗವು ಗಾಡಿಯ ಚಕ್ರಗಳಿಗೆ ಹೋಗುತ್ತದೆ. ಉಳಿದ ಒಂದಿಷ್ಟು ಭಾಗವನ್ನು ಎಂಜಿನ್ನಿನ ಮಗ್ಗುಲಲ್ಲಿರುವ ಇತರ ಸಾಧನಗಳು ಬೇಡುತ್ತವೆ. ವಿದ್ಯುತ್ತನ್ನು ಉತ್ಪಾದಿಸಿ ಬ್ಯಾಟರಿಯನ್ನು ತುಂಬುವ ಆಲ್ಟರ್ನೇಟರ್, ಹವಾನಿಯಂತ್ರಣದ ಕಂಪ್ರೆಸರ್, ಅನೇಕ ಕಾರುಗಳಲ್ಲಿ ಎಂಜಿನ್ನನ್ನು ತಂಪಾಗಿಡುವ ನೀರಿನ ಪಂಪು, ಕೆಲವು ಕಾರುಗಳಲ್ಲಿ ಸ್ಟಿಯರಿಂಗನ್ನು ಹಗುರಗೊಳಿಸುವ ಎಣ್ಣೆಯ ಪಂಪು, ಇವೇ ಆ ಸಾಧನಗಳು. ಹಿಟ್ಟಿನ ಗಿರಣಿಯಲ್ಲಿ ಮೋಟಾರಿನ ಚಲನೆಯನ್ನು ಬೀಸುವ ಕಲ್ಲಿಗೆ ಪಟ್ಟಿಯೊಂದು ಮುಟ್ಟಿಸುವಂತೆಯೇ, ಕ್ರ್ಯಾಂಕ್ ದಂಡದ ಚಲನೆಯನ್ನು ಈ ಸಾಧನಗಳ ರಾಟೆಗಳಿಗೆ ರಬ್ಬರಿನ ಬೆಲ್ಟು ಮುಟ್ಟಿಸುತ್ತದೆ.

ಹಿಂದೆ ಇವುಗಳನ್ನು ತಿರುಗಿಸಲು ಇಂಗ್ಲಿಷಿನ 'ವಿ' ಅಕ್ಷರದ ಆಕಾರದ ಎರಡು ಮೂರು ಬೇರೆ ಬೇರೆ ಬೆಲ್ಟುಗಳಿರುತ್ತಿದ್ದುವು. 1979ರ ಮಾದರಿಯ ಫೋರ್ಡ್ ಮಸ್ಟಾಂಗ್ ಕಾರಿನಲ್ಲಿ ಅವುಗಳ ಬದಲಿಗೆ ಒಂದೇ ಉದ್ದನೆಯ ಬೆಲ್ಟು ಬಳಕೆಗೆ ಬಂದಿತು. ಮುಂದೆ ಈ ಪದ್ಧತಿ ಲೋಕದ ನಾನಾ ದೇಶಗಳ ವಾಹನಗಳಿಗೆ ಹರಡಿತು. ಒಂದು ರಾಟೆಯ ಮೇಲೆ ಏರಿ, ಇನ್ನೊಂದರ ಕೆಳಗೆ ನುಸುಳಿ, ಹಾವಿನಂತೆ ಬಳುಕಿ ಸಾಗುವುದರಿಂದ ಇದಕ್ಕೆ ಸರ್ಪೆಂಟೈನ್ ಬೆಲ್ಟು, ಎಂದರೆ ಸರ್ಪಾಕಾರದ ಬೆಲ್ಟು ಎಂಬ ಹೆಸರು ಬಂದಿದೆ. ಇದರ ಒಳಮೈಯಲ್ಲಿ ಉದ್ದಕ್ಕೂ ಏಣುಗಳಿರುತ್ತವೆ. ಕಾರುಗಳಲ್ಲಿ ಬಳಸುವ ಆರು ಏಣುಗಳ ಬೆಲ್ಟಿನ ಅಗಲ ಸುಮಾರು 21 ಮಿಲಿಮೀಟರು ಮಾತ್ರ. ಎರಡು ಬೆರಳುಗಳಷ್ಟೂ ಅಗಲವಿಲ್ಲದ ಈ ಪಟ್ಟಿಯ ಮೇಲೆ ಅಷ್ಟೂ ಸಾಧನಗಳ ಭಾರವಿದೆ. ಹಿಂದೆ ಒಂದು ಬೆಲ್ಟು ತುಂಡಾದರೆ ಒಂದೆರಡು ಸಾಧನಗಳು ನಿಲ್ಲುತ್ತಿದ್ದುವು. ಈಗ ಇದೊಂದು ತುಂಡಾದರೆ ಎಲ್ಲವೂ ಒಮ್ಮೆಲೇ ನಿಲ್ಲುತ್ತವೆ. ಬ್ಯಾಟರಿ ತುಂಬುವುದು ನಿಲ್ಲುತ್ತದೆ. ನೀರಿನ ಪಂಪು ಇದೇ ಬೆಲ್ಟಿಗೆ ಸೇರಿದ್ದರೆ ಕೆಲವೇ ನಿಮಿಷಗಳಲ್ಲಿ ಎಂಜಿನ್ನು ಮಿತಿಮೀರಿ ಕಾಯುತ್ತದೆ. ಎಣ್ಣೆಯ ಪಂಪಿನ ಸ್ಟಿಯರಿಂಗ್ ಇದ್ದರೆ ಅದು ಥಟ್ಟನೆ ಬಿಗಿಯಾಗುತ್ತದೆ. ಘಟ್ಟದ ತಿರುವಿನಲ್ಲಿ ಹೀಗಾದರೆ ಒದಗುವ ವಿಪತ್ತು ಎಂತಹುದೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇನ್ನು ಕೂಗಿನ ಕಾರಣವನ್ನು ನೋಡೋಣ. ಕರಿಹಲಗೆಯ ಮೇಲೆ ಬರೆಯುವಾಗ ಸೀಮೆಸುಣ್ಣವು ಒಮ್ಮೊಮ್ಮೆ ಮೈ ಜುಮ್ಮೆನ್ನುವಂತೆ ಕಿರುಗುಟ್ಟುವುದನ್ನು ವಿದ್ಯಾರ್ಥಿಗಳೆಲ್ಲರೂ ಬಲ್ಲರು. ಸೀಮೆಸುಣ್ಣವು ಹಲಗೆಗೆ ಕ್ಷಣಕಾಲ ಕಚ್ಚಿಕೊಳ್ಳುತ್ತದೆ. ಕೈಯ ಒತ್ತಡ ಹೆಚ್ಚಿದೊಡನೆ ಜಾರುತ್ತದೆ. ಮತ್ತೆ ಕಚ್ಚುತ್ತದೆ, ಮತ್ತೆ ಜಾರುತ್ತದೆ. ಈ ಕಚ್ಚಾಟ ಜಾರಾಟಗಳು ಒಂದು ಸೆಕೆಂಡಿನಲ್ಲಿ ನೂರಾರು ಬಾರಿ ನಡೆದಾಗ ಹುಟ್ಟುವ ಕಂಪನವೇ ಆ ಧ್ವನಿ. ಪಿಟೀಲಿನ ತಂತಿಯಿಂದ ಕಮಾನು ನಾದವನ್ನು ಹೊರಡಿಸುವುದೂ ಇದೇ ತತ್ತ್ವದಿಂದ. ರಾಟೆಯನ್ನು ಭದ್ರವಾಗಿ ಹಿಡಿದು ತಿರುಗಿಸಬೇಕಾದ ಬೆಲ್ಟು ಹಿಡಿತ ಸಾಲದೆ ಜಾರತೊಡಗಿದಾಗ ಕೀರಲು ಧ್ವನಿ ಹುಟ್ಟುತ್ತದೆ. ಆದುದರಿಂದ ಕೂಗು ರೋಗವಲ್ಲ, ರೋಗದ ಲಕ್ಷಣ. ಜ್ವರ ಬಂದವನ ಮೈಮೇಲೆ ತಣ್ಣೀರು ಸುರಿದರೆ ಜ್ವರದ ಮೂಲ ಹೇಗೆ ಹೋಗದೋ, ಹಾಗೆಯೇ ಸದ್ದನ್ನು ಅಡಗಿಸಿದ ಮಾತ್ರಕ್ಕೆ ಬೆಲ್ಟಿನ ದೋಷ ಹೋಗದು.

ಮುಂಜಾನೆಯ ಹೊತ್ತಿನಲ್ಲಿಯೇ ಈ ಕೂಗು ಹೆಚ್ಚಾಗಿ ಕೇಳಿಬರುವುದಕ್ಕೂ ಕಾರಣವಿದೆ. ರಾತ್ರಿಯ ತೇವವು ರಾಟೆಗಳ ಮೇಲೆ ತೆಳುವಾದ ಪೊರೆಯಾಗಿ ಕುಳಿತು ಘರ್ಷಣೆಯನ್ನು ಕಡಿಮೆ ಮಾಡಿರುತ್ತದೆ. ಎಂಜಿನ್ನನ್ನು ಚಾಲೂ ಮಾಡುವಾಗ ಬ್ಯಾಟರಿಯ ಶಕ್ತಿ ಖರ್ಚಾಗುವುದರಿಂದ ಅದನ್ನು ತುಂಬಲು ಆಲ್ಟರ್ನೇಟರ್ ಹೆಚ್ಚು ದುಡಿಯಬೇಕಾಗುತ್ತದೆ. ಹಿಡಿತ ಕಡಿಮೆ, ಹೊರೆ ಹೆಚ್ಚು. ತೇವ ಆರಿ ಹೊರೆ ಇಳಿದಾಗ ಸದ್ದು ಅಡಗುತ್ತದೆ. ಮಳೆಯ ದಿನ ಎರಡು ಮೂರು ಸೆಕೆಂಡು ಕೇಳಿ ನಿಂತುಹೋಗುವ ಸದ್ದಿಗೆ ಹೆದರಬೇಕಾಗಿಲ್ಲ. ಅದು ದಿನದಿನವೂ ಬಂದರೆ, ಹೆಚ್ಚು ಹೊತ್ತು ಉಳಿದರೆ, ಬೆಲ್ಟಿನ ಹಿಡಿತದಲ್ಲಿ ದೋಷವಿದೆಯೆಂದು ತಿಳಿಯಬೇಕು.

ಒಳ್ಳೆಯ ವೈದ್ಯನು ಮೊದಲು ರೋಗಿಯ ಮಾತನ್ನು ಕೇಳುತ್ತಾನೆ. ಬಳಿಕ ಕಣ್ಣಿನಿಂದ ನೋಡುತ್ತಾನೆ. ಅನಂತರ ನಾಡಿಯನ್ನು ಮುಟ್ಟುತ್ತಾನೆ. ಬೆಲ್ಟಿನ ಪರೀಕ್ಷೆಯ ಕ್ರಮವೂ ಇದೇ.

ಮೊದಲನೆಯದು ಕಿವಿಯ ಕೆಲಸ. ಎಲ್ಲ ಸದ್ದುಗಳೂ ಒಂದೇ ಬಗೆಯವಲ್ಲ. ಎಳೆದು ಕೂಗುವ ಕೀರಲು ಧ್ವನಿಯು ಎಂಜಿನ್ನಿನ ವೇಗದೊಡನೆ ಏರುತ್ತದೆ. ಹವಾನಿಯಂತ್ರಣವನ್ನು ಹಚ್ಚಿದಾಗಲೂ, ಎಣ್ಣೆಯ ಪಂಪಿರುವ ಗಾಡಿಯ ಸ್ಟಿಯರಿಂಗನ್ನು ಪೂರ್ತಿ ತಿರುಗಿಸಿದಾಗಲೂ ಜೋರಾಗುತ್ತದೆ. ಇದು ಬೆಲ್ಟು ಜಾರುತ್ತಿರುವುದರ ಗುರುತು. ಗುಬ್ಬಿಯ ಚಿಲಿಪಿಲಿಯಂತೆ ತುಂಡುತುಂಡಾಗಿ, ತಾಳಬದ್ಧವಾಗಿ ಕೇಳಿಬರುವ ಸದ್ದು ಬೇರೆ. ನಿಧಾನಗತಿಯಲ್ಲಿ ಸ್ಪಷ್ಟವಾಗಿರುವ ಇದು ವೇಗ ಹೆಚ್ಚಿದಾಗ ಎಂಜಿನ್ನಿನ ಸದ್ದಿನಲ್ಲಿ ಮುಳುಗಿಹೋಗುತ್ತದೆ. ರಾಟೆಗಳು ಒಂದೇ ನೇರದಲ್ಲಿಲ್ಲವೆಂಬುದನ್ನು ಇದು ಬಹುಮಟ್ಟಿಗೆ ಸೂಚಿಸುತ್ತದೆ. ಗೊರಗೊರ ಎಂಬ ಒರಟು ಸದ್ದು ಬಂದರೆ ಬೆಲ್ಟಿನ ತಪ್ಪಲ್ಲ. ಯಾವುದೋ ರಾಟೆಯ ಬೇರಿಂಗು ಸವೆದಿದೆ.

ಎರಡನೆಯದು ಕಣ್ಣಿನ ಕೆಲಸ. ಇದಕ್ಕೆ ಮುನ್ನ ಎಂಜಿನ್ನನ್ನು ನಿಲ್ಲಿಸಿ, ಕೀಲಿಯನ್ನು ತೆಗೆದು, ಅದು ತಣಿಯುವವರೆಗೆ ಕಾಯಬೇಕು. ಓಡುತ್ತಿರುವ ಬೆಲ್ಟು ಸೆರಗು, ತೋಳು, ಜಡೆ, ಬಳೆ ಯಾವುದನ್ನಾದರೂ ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಎಳೆದುಕೊಳ್ಳಬಲ್ಲದು. ಎಂಜಿನ್ನು ನಿಂತಿದ್ದರೂ ವಿದ್ಯುತ್ತಿನಿಂದ ಓಡುವ ರೇಡಿಯೇಟರಿನ ಪಂಖ ತಾನಾಗಿಯೇ ತಿರುಗಬಹುದು. ಬಲ್ಲವರ ಸಮ್ಮುಖದಲ್ಲಲ್ಲದೆ ಕಿರಿಯರು ಈ ಕೆಲಸಕ್ಕೆ ಕೈ ಹಾಕಬಾರದು.

ಬೆಲ್ಟಿನ ಏಣುಗಳಲ್ಲಿ ಬಿರುಕುಗಳಿವೆಯೇ, ಅಂಚು ನಾರುನಾರಾಗಿದೆಯೇ, ಮೈ ಗಾಜಿನಂತೆ ಹೊಳೆಯುತ್ತಿದೆಯೇ ಎಂದು ನೋಡಬೇಕು. ಹಿಂದಿನ ನಿಯೋಪ್ರೀನ್ ರಬ್ಬರಿನ ಬೆಲ್ಟುಗಳು ಮುದಿಯಾದಾಗ ಬಿರುಕು ಬಿಡುತ್ತಿದ್ದುವು. ಈಚಿನ ಬೆಲ್ಟುಗಳು ಇ.ಪಿ.ಡಿ.ಎಂ. ಎಂಬ ಬೇರೊಂದು ರಬ್ಬರಿನವು. ಇವು ಸುಲಭವಾಗಿ ಬಿರಿಯುವುದಿಲ್ಲ, ಚಪ್ಪಲಿಯ ಅಟ್ಟೆಯಂತೆ ಸವೆಯುತ್ತವೆ. ಏಣುಗಳ ನಡುವಣ ಕಾಲುವೆಗಳು ಸವೆದು ಅಗಲವಾದಾಗ ಹಿಡಿತವು ಸಡಿಲವಾಗುತ್ತದೆ. ಬರಿಯ ನೋಟಕ್ಕೆ ಹೊಸದರಂತೆಯೇ ಕಾಣುವ ಬೆಲ್ಟೂ ಆಯುಸ್ಸು ಮುಗಿದದ್ದಾಗಿರಬಹುದು. ಸವೆತವನ್ನು ಅಳೆಯಲು ಚಿಕ್ಕ ಮಾಪಕವೊಂದನ್ನು ಬಳಸುತ್ತಾರೆ. ಎಂಜಿನ್ ಎಣ್ಣೆಯಾಗಲಿ, ಕೂಲೆಂಟ್ ಎಂಬ ತಂಪುದ್ರವವಾಗಲಿ ಬೆಲ್ಟಿನ ಮೇಲೆ ಬಿದ್ದ ಕಲೆಗಳಿವೆಯೇ ಎಂಬುದನ್ನು ವಿಶೇಷವಾಗಿ ಗಮನಿಸಬೇಕು.

ಮೂರನೆಯದು ನೀರಿನ ಪರೀಕ್ಷೆ. ಎಂಜಿನ್ನು ನಿಧಾನವಾಗಿ ಓಡುತ್ತಿರುವಾಗ, ಅನುಭವಿಯಾದ ಮೆಕ್ಯಾನಿಕನು ದೂರದಿಂದಲೇ ಸೀಸೆಯೊಂದರಿಂದ ಬೆಲ್ಟಿನ ಏಣುಗಳಿರುವ ಮಗ್ಗುಲಿಗೆ ಸ್ವಲ್ಪ ನೀರನ್ನು ಸಿಂಪಡಿಸುತ್ತಾನೆ. ಸದ್ದು ಕೆಲವು ಕ್ಷಣ ಅಡಗಿ ಮತ್ತೆ ಬಂದರೆ ರಾಟೆಗಳ ನೇರ ತಪ್ಪಿದೆ. ಬೆಲ್ಟು ಓರೆಯಾಗಿ ಉಜ್ಜುತ್ತಿತ್ತು, ನೀರು ಅದಕ್ಕೆ ಕ್ಷಣಕಾಲ ಜಾರುವ ಅನುಕೂಲವನ್ನು ಕೊಟ್ಟಿತು. ನೀರು ಬಿದ್ದೊಡನೆ ಸದ್ದು ಇನ್ನಷ್ಟು ಜೋರಾದರೆ ಬಿಗಿತ ಸಾಲದು. ಮೊದಲೇ ಜಾರುತ್ತಿದ್ದ ಬೆಲ್ಟು ನೀರಿನಿಂದ ಮತ್ತಷ್ಟು ಜಾರಿತು. ದುಬಾರಿಯಾದ ಸಲಕರಣೆಗಳಿಲ್ಲದೆ, ಒಂದು ಹನಿ ನೀರು ಎರಡು ಬೇರೆ ಬೇರೆ ದೋಷಗಳನ್ನು ಹೀಗೆ ವಿಂಗಡಿಸಿ ತೋರಿಸುತ್ತದೆ.

ನಾಲ್ಕನೆಯದು ಕೈಯ ಕೆಲಸ. ಬೆಲ್ಟಿನ ಬಿಗಿತವನ್ನು ಅನೇಕ ಗಾಡಿಗಳಲ್ಲಿ ಟೆನ್ಷನರ್ ಎಂಬ ಸ್ಪ್ರಿಂಗಿನ ತೋಳು ತಾನಾಗಿಯೇ ಕಾಯ್ದುಕೊಳ್ಳುತ್ತದೆ. ವರ್ಷಗಳು ಕಳೆದಂತೆ ಆ ಸ್ಪ್ರಿಂಗು ಸೋಲುತ್ತದೆ. ಎಂಜಿನ್ನು ಓಡುವಾಗ ಈ ತೋಳು ವಿಪರೀತವಾಗಿ ತುಯ್ದಾಡುತ್ತಿದ್ದರೆ ಅದು ದುರ್ಬಲವಾಗಿದೆಯೆಂದು ಅರ್ಥ. ಸೋತ ಟೆನ್ಷನರನ್ನು ಹಾಗೆಯೇ ಬಿಟ್ಟು ಹೊಸ ಬೆಲ್ಟನ್ನು ಹಾಕಿದರೆ ಅದೂ ಕೆಲವೇ ದಿನಗಳಲ್ಲಿ ಕೂಗತೊಡಗುತ್ತದೆ. ಕೊನೆಯಲ್ಲಿ, ನಿಂತ ಎಂಜಿನ್ನಿನಿಂದ ಬೆಲ್ಟನ್ನು ಕಳಚಿ, ಕ್ರ್ಯಾಂಕ್ ದಂಡದ ರಾಟೆಯೊಂದನ್ನು ಬಿಟ್ಟು ಉಳಿದ ರಾಟೆಗಳನ್ನು ಒಂದೊಂದಾಗಿ ಕೈಯಿಂದ ತಿರುಗಿಸಿ ನೋಡಬೇಕು. ಒರಟಾಗಿ ತಿರುಗುವ, ಅಲುಗಾಡುವ, ಇಲ್ಲವೆ ಕಚ್ಚಿಕೊಂಡು ನಿಲ್ಲುವ ರಾಟೆ ಇದ್ದರೆ ತಪ್ಪಿತಸ್ಥ ಸಿಕ್ಕಂತಾಯಿತು.

ಇಷ್ಟೆಲ್ಲ ಶ್ರಮವೇಕೆಂದು ಕೆಲವರು ಅಂಗಡಿಯಲ್ಲಿ ದೊರೆಯುವ ಅಂಟುದ್ರವವನ್ನು ತಂದು ಬೆಲ್ಟಿಗೆ ಸಿಂಪಡಿಸುತ್ತಾರೆ. ಸದ್ದು ನಿಲ್ಲುತ್ತದೆ, ಮನಸ್ಸಿಗೂ ನೆಮ್ಮದಿಯಾಗುತ್ತದೆ. ಆದರೆ ಆ ಅಂಟಿಗೆ ಧೂಳು ಮೆತ್ತಿಕೊಳ್ಳುತ್ತದೆ, ಒಳಗಿನ ದೋಷ ಬೆಳೆಯುತ್ತಲೇ ಇರುತ್ತದೆ. ಅದಕ್ಕಿಂತಲೂ ಮಿಗಿಲಾಗಿ, ಎಚ್ಚರಿಕೆಯನ್ನು ಕೊಡುತ್ತಿದ್ದ ಒಂದೇ ಧ್ವನಿಯ ಬಾಯನ್ನು ಮುಚ್ಚಿದಂತಾಗುತ್ತದೆ. ಬೊಗಳುವ ಕಾವಲುನಾಯಿಯನ್ನು ಕಟ್ಟಿಹಾಕಿ ನಿದ್ರಿಸುವುದಕ್ಕೂ ಇದಕ್ಕೂ ಭೇದವಿಲ್ಲ.

ಮೊದಲು ಹೇಳಿದ ಗೃಹಸ್ಥನು ಅಂದು ಪ್ರಯಾಣವನ್ನು ಅರ್ಧ ದಿನ ಮುಂದಕ್ಕೆ ಹಾಕಿ ಗಾಡಿಯನ್ನು ಮೆಕ್ಯಾನಿಕನಲ್ಲಿಗೆ ಒಯ್ದನೆನ್ನೋಣ. ಮತ್ತೊಂದು ಹೊಸ ಬೆಲ್ಟಿಗಾಗಿ ಕೈ ಚಾಚದೆ ಮೆಕ್ಯಾನಿಕನು ಹಳೆಯದನ್ನೇ ಬೆಳಕಿಗೆ ಹಿಡಿದು ನೋಡುತ್ತಾನೆ. ಏಣುಗಳ ನಡುವೆ ಬಣ್ಣದ ದ್ರವವೊಂದು ಒಣಗಿದ ಕಲೆ ಕಾಣುತ್ತದೆ. ಆ ಕಲೆಯ ಜಾಡನ್ನೇ ಹಿಡಿದು ಹೋದಾಗ ನೀರಿನ ಪಂಪಿನ ದಂಡದ ಕೆಳಗಿರುವ ಪುಟ್ಟ ರಂಧ್ರವು ಸಿಗುತ್ತದೆ. ಪಂಪಿನ ಒಳಗಿನ ಸೀಲು ಕೆಟ್ಟಾಗ ಕೂಲೆಂಟು ಹೊರಗೆ ತೊಟ್ಟಿಕ್ಕಿ ಸುಳಿವು ಕೊಡಲೆಂದೇ ಇಟ್ಟಿರುವ ರಂಧ್ರವದು. ಹನಿಹನಿಯಾಗಿ ಜಿನುಗಿದ ಆ ದ್ರವವೇ ಬೆಲ್ಟನ್ನು ಜಾರಿಸುತ್ತಿತ್ತು. ಎರಡು ಬಾರಿ ಬೆಲ್ಟನ್ನು ಬದಲಿಸಿದವರು ಅದರಾಚೆಗೆ ಕಣ್ಣು ಹಾಯಿಸಿರಲಿಲ್ಲ. ಪಂಪನ್ನು ಬದಲಿಸಿ, ರಾಟೆಗಳನ್ನು ಒರಸಿ, ಹೊಸ ಬೆಲ್ಟನ್ನು ಹಾಕಿದ ಮೇಲೆ ಕೂಗು ನಿಲ್ಲುತ್ತದೆ. ಅದೇ ಸ್ಥಿತಿಯಲ್ಲಿ ಹೊರಟಿದ್ದರೆ ಪಂಪು ಘಟ್ಟದ ನಡುವೆ ಕಚ್ಚಿಕೊಂಡು ಬೆಲ್ಟನ್ನು ಹರಿಯಬಹುದಾಗಿತ್ತು. ಅರ್ಧ ದಿನದ ತಡವು ಒಂದು ಕುಟುಂಬವನ್ನು ಆ ಅಪಾಯದಿಂದ ಪಾರುಮಾಡಿತು.

ವಿದ್ಯುತ್ ಕಾರುಗಳು ಬಂದಂತೆ ಈ ಬೆಲ್ಟು ಮುಂದೊಂದು ದಿನ ರಸ್ತೆಗಳಿಂದ ಮರೆಯಾಗಬಹುದು. ಆದರೆ ಅದು ಕಲಿಸುವ ಪಾಠ ಮರೆಯಾಗಬೇಕಾಗಿಲ್ಲ. ಮನೆಯಲ್ಲಿ, ಊರಿನಲ್ಲಿ, ನಮ್ಮ ದೇಹದಲ್ಲಿ ಏಳುವ ಅಪಸ್ವರಗಳನ್ನು ಕೂಡ ಅಡಗಿಸುವುದು ಸುಲಭ, ಅರಿಯುವುದು ಕಷ್ಟ. ಸದ್ದು ಕೇಳಿದಾಗ ಅದನ್ನು ನಿಲ್ಲಿಸುವುದು ಹೇಗೆಂದು ಕೇಳುವ ಮೊದಲು, ಅದು ಹೇಳುತ್ತಿರುವುದೇನೆಂದು ಕೇಳುವುದೇ ವಿವೇಕ.